“ಹೇಳಿದ್ರ ಮೊಬೈಲ್ ಕಸ್ಕೋತಾರ”: ಕಲಬುರಗಿಯ ಒಂದು ಆಪ್ತಸಲಹೆ ಪ್ರಕರಣ

ಜೂನ್ ಮೊದಲ ವಾರ. ಶಾಲೆ ಆಗಷ್ಟೇ ಶುರುವಾಗಿತ್ತು. ತಾಯಿಯೊಬ್ಬರು ಎಂಟನೇ ತರಗತಿಯ ಮಗಳನ್ನು ಕರೆದುಕೊಂಡು ಬಂದರು.

“ದಿನಾ ಮುಂಜಾನಿ ಹೊಟ್ಟಿ ನೋವು ಅಂತಾಳ್ರಿ ಮೇಡಂ. ಸಾಲಿಗಿ ಒಲ್ಲೆ ಅಂತಾಳ. ಡಾಕ್ಟರ್ ಸ್ಕ್ಯಾನ್ ಮಾಡಿಸ್ಯಾರ, ರಕ್ತ ನೋಡ್ಯಾರ, ಏನೂ ಇಲ್ಲ ಅಂದ್ರು. ನಮ್ಮತ್ತಿ ದೃಷ್ಟಿನೂ ತಗದಾರ. ಆದ್ರೂ ಹಂಗೇ ಅದ.”

ಈ ಕುಟುಂಬದ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ತಂದೆಗೆ ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ತೊಗರಿ ವ್ಯಾಪಾರ, ಮನೆ ಸೇಡಂ ರಸ್ತೆಯ ಕಡೆ ಎಂದಷ್ಟೇ ಇಟ್ಟುಕೊಳ್ಳಿ.

ಹುಡುಗಿಗೆ 13 ವರ್ಷ. ಮೊಬೈಲನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೂತಿದ್ದಳು. ಅದು ಗುರ್ ಎಂದು ನಡುಗಿದಾಗೆಲ್ಲ ಅವಳು ಮೊಬೈಲ್ ನೋಡುತ್ತಿರಲಿಲ್ಲ, ತಾಯಿಯ ಮುಖ ನೋಡುತ್ತಿದ್ದಳು. ಮೆಸೇಜ್ ಬಂದರೆ ಆ ವಯಸ್ಸಿನ ಮಕ್ಕಳ ಕೈ ತಾನಾಗಿ ಮೊಬೈಲಿಗೆ ಹೋಗುತ್ತದೆ. ಇವಳ ಕೈ ಹಿಂದಕ್ಕೆ ಸರಿಯುತ್ತಿತ್ತು. ಅವತ್ತು ನಾನು ಬೇರೇನೂ ಕೇಳಲಿಲ್ಲ. ಬಿಸಿಲಿನ ಬಗ್ಗೆ, ರಜೆಯ ಬಗ್ಗೆ, ಅವಳ ಅಣ್ಣನ ಬಗ್ಗೆ ಮಾತಾಡಿದೆವು. ಏಪ್ರಿಲ್-ಮೇ ನಮ್ಮೂರಿನಲ್ಲಿ ಹೇಗಿರುತ್ತದೆಂದು ಗೊತ್ತಲ್ಲ, 42 ಡಿಗ್ರಿಯ ಮಧ್ಯಾಹ್ನದಲ್ಲಿ ಮಕ್ಕಳನ್ನು ಯಾರೂ ಹೊರಗೆ ಬಿಡುವುದಿಲ್ಲ. ಕೂಲರ್ ಮುಂದೆ ಒಂದು ಚಾಪೆ, ಕೈಯಲ್ಲೊಂದು ಮೊಬೈಲ್. “ಕಣ್ಮುಂದೆ ಅದಾಳಲ್ಲ” ಎಂದು ಮನೆಯವರಿಗೆ ಸಮಾಧಾನ.

ಎರಡನೇ ಸಲ ತಾಯಿಯನ್ನು ಹೊರಗೆ ಕೂಡಿಸಿದೆ. ಹುಡುಗಿಗೆ ಮೊದಲೇ ಹೇಳಿದೆ: “ಇಲ್ಲಿ ನೀ ಹೇಳಿದ್ದನ್ನ ನಾ ಊರಿಗೆಲ್ಲ ಹೇಳಂಗಿಲ್ಲವ್ವ. ಆದ್ರ ನಿನಗ ಯಾರರ ಕೆಟ್ಟದ್ದು ಮಾಡ್ಲಾಕತ್ತಾರ ಅಂತ ಗೊತ್ತಾದ್ರ ಅದನ್ನ ನಾ ಮುಚ್ಚಿಡಂಗಿಲ್ಲ. ಯಾರಿಗಿ ಹೇಳಬೇಕು, ಹ್ಯಾಂಗ ಹೇಳಬೇಕು ಅನ್ನೋದು ಮೊದ್ಲು ನಿನಗ ಹೇಳೇ ಮುಂದ ಹೋಗ್ತೀನಿ.” ಇದನ್ನು ಮೊದಲೇ ಹೇಳದೆ, ಮಗು ಬಾಯಿಬಿಟ್ಟ ಮೇಲೆ ಹೇಳಿದರೆ ಅದು ಮೋಸವಾಗುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೊಬೈಲನ್ನೇ ನನ್ನ ಮೇಜಿನ ಮೇಲಿಟ್ಟಳು.

ನಡೆದದ್ದು ಇಷ್ಟು. ರಜೆಯಲ್ಲಿ ಒಂದು ಗೇಮ್ ಆಡುವಾಗ ಅದರ ಚಾಟ್‌ನಲ್ಲಿ “ನಾನೂ ಎಂಟನೇ ಕ್ಲಾಸ್” ಎಂದುಕೊಂಡು ಒಬ್ಬಳು ಪರಿಚಯವಾದಳು. ದಿನಾ ಆಟ, ದಿನಾ ಮಾತು. ಆಟದಲ್ಲಿ ಒಂದೆರಡು ಉಡುಗೊರೆ. ಎರಡು ವಾರಕ್ಕೆ “ಇನ್‌ಸ್ಟಾಗ್ರಾಂಗೆ ಬಾ, ಅಲ್ಲಿ ಮಾತಾಡೋಣ”. ಅಲ್ಲಿ ಮೊದಲು ಬಟ್ಟೆಯ ಮಾತು, ಮೈಬಣ್ಣದ ಮಾತು, ಆಮೇಲೆ ಫೋಟೋ. ಒಂದು ಕಳಿಸಿದಳು, ಕಳಿಸಬಾರದಂಥದ್ದು. ಆ ಕ್ಷಣದಿಂದ ಆ ಕಡೆಯ ದನಿಯೇ ಬದಲಾಯಿತು. ಅದು ಹುಡುಗಿಯಲ್ಲ, ಗಂಡಸು. “ಇನ್ನೂ ಕಳಿಸು, ಇಲ್ಲಾಂದ್ರೆ ನಿನ್ನ ಕ್ಲಾಸಿನವರಿಗೆಲ್ಲ ಇದನ್ನೇ ಕಳಿಸ್ತೀನಿ.” ಅವಳು ಯಾರ್ಯಾರನ್ನು ಫಾಲೋ ಮಾಡುತ್ತಾಳೋ ಆ ಪಟ್ಟಿಯ ಚಿತ್ರವನ್ನೇ ತೆಗೆದು ಅವಳಿಗೆ ಕಳಿಸಿದ್ದ. ಮುಂಜಾನೆಯ ಹೊಟ್ಟೆನೋವು ಅಲ್ಲಿಂದ ಶುರು. ಶಾಲೆಗೆ ಹೋದರೆ ಯಾರಾದರೂ ನೋಡಿಬಿಟ್ಟಿರುತ್ತಾರೆ ಎಂಬ ಭಯ.

“ಅವ್ವಗ ಯಾಕ ಹೇಳಲಿಲ್ಲ?”

“ಹೇಳಿದ್ರ ಮೊಬೈಲ್ ಕಸ್ಕೋತಾರ. ಆಮ್ಯಾಲ ಸಾಲೀನೂ ಬಿಡಸ್ತಾರ. ನಮ್ಮ ದೊಡ್ಡಪ್ಪನ ಮಗಳಿಗಿ ಹಂಗೇ ಮಾಡ್ಯಾರ.”

ಈ ಮಾತನ್ನು ನಾನು ಅವತ್ತೇ ಡೈರಿಯಲ್ಲಿ ಬರೆದಿಟ್ಟುಕೊಂಡೆ. ಆ ಗಂಡಸಿನ ಕೈಯಲ್ಲಿದ್ದ ದೊಡ್ಡ ಅಸ್ತ್ರ ಫೋಟೋ ಅಲ್ಲ, ಈ ಭಯ. ಮಗು ಮನೆಯಲ್ಲಿ ಬಾಯಿಬಿಡುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು. ಆ ಖಾತ್ರಿಯನ್ನು ಕೊಟ್ಟವರು ನಾವು ದೊಡ್ಡವರು.

ತಂದೆ ಸಂಜೆ ಬಂದರು. ಮಗಳ ಮುಂದೆಯೇ ಕೈ ಎತ್ತುವಷ್ಟು ಸಿಟ್ಟು. ಅವರನ್ನು ಪಕ್ಕದ ಕೋಣೆಗೆ ಕರೆದೊಯ್ದು ಒಂದೇ ಮಾತು ಹೇಳಿದೆ: “ಅಣ್ಣಾರ, ಕಳ್ಳ ಮನಿಗಿ ಹೊಕ್ಕಾನ. ಬಾಗ್ಲಾ ತಗದ ಕೂಸಿಗಿ ಹೊಡಿಬ್ಯಾಡ್ರಿ.” ಅವರು ಕೂತರು. ಅಳು ಬಂತು. ಆಮೇಲಿನ ಮಾತು ನಾನು ನಿರೀಕ್ಷಿಸಿದ್ದೇ: “ಪೊಲೀಸ್ ಬ್ಯಾಡ್ರಿ ಮೇಡಂ. ಮರ್ಯಾದಿ ಹೋಗ್ತದ. ಹೆಣ್ಣುಹುಡಿಗಿ.”

ಇಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ನಿಧಾನವಾಗಿ ವಿವರಿಸಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಎಂದು ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ. ನನಗೂ ಇದರಿಂದ ವಿನಾಯಿತಿಯಿಲ್ಲ. ಆದರೆ ಅದೇ ಕಾಯ್ದೆ ಮಗುವಿನ ಬೆನ್ನಿಗೂ ನಿಂತಿದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅವಳು ಬಯಸಿದ ಜಾಗದಲ್ಲೋ ತೆಗೆದುಕೊಳ್ಳಬೇಕು. ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರ ತೊಟ್ಟಿರಬಾರದು. ಹೆಸರು, ವಿಳಾಸ, ಶಾಲೆ ಯಾವುದನ್ನೂ ಪತ್ರಿಕೆ-ಟಿವಿಯವರು ಹೊರಹಾಕುವಂತಿಲ್ಲ. “ಖಾಕಿ ಹಾಕ್ಕೊಂಡು ಮನಿ ಮುಂದ ಜೀಪ್ ಬಂದು ನಿಂದರಂಗಿಲ್ಲನ್ರಿ?” ಎಂದು ಎರಡು ಸಲ ಕೇಳಿದರು. ಇಲ್ಲ ಎಂದೆ. ಅವರ ಎದೆಯ ಮೇಲಿನ ಅರ್ಧ ಕಲ್ಲು ಅಲ್ಲೇ ಇಳಿಯಿತು.

ಅವತ್ತು ರಾತ್ರಿಯೊಳಗೆ ಮಾಡಿದ್ದನ್ನು ಬರೆಯುತ್ತೇನೆ, ಏಕೆಂದರೆ ಗಾಬರಿಯಲ್ಲಿ ಬಹಳ ಮನೆಗಳವರು ಇದರ ತದ್ವಿರುದ್ಧ ಮಾಡಿಬಿಡುತ್ತಾರೆ. ಅವನಿಗೆ ಉತ್ತರ ಕೊಡಲಿಲ್ಲ, ಬೇಡಿಕೊಳ್ಳಲಿಲ್ಲ, ಇನ್ನೊಂದು ಫೋಟೋ ಕಳಿಸಲಿಲ್ಲ. ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ, ದೊಡ್ಡದಾಗುತ್ತದೆ. ಚಾಟ್ ಅಳಿಸಲಿಲ್ಲ, ಆ್ಯಪ್ ತೆಗೆಯಲಿಲ್ಲ, ಅದೇ ಸಾಕ್ಷಿ. ಬೆದರಿಕೆಯ ಮಾತುಗಳಿಗೆ, ಅವನ ಖಾತೆಯ ಹೆಸರಿಗೆ ಸ್ಕ್ರೀನ್‌ಶಾಟ್ ತೆಗೆದೆವು, ಆಮೇಲೆ ಬ್ಲಾಕ್ ಮಾಡಿದೆವು. ಫೋಟೋವನ್ನು ಮಾತ್ರ ಯಾರಿಗೂ ಫಾರ್ವರ್ಡ್ ಮಾಡಬೇಡಿ ಎಂದು ತಂದೆಗೆ ಒತ್ತಿ ಹೇಳಿದೆ. “ನಮ್ಮ ತಮ್ಮಗ ತೋರಸ್ತೀನಿ, ಅಂವಗ ಕಂಪ್ಯೂಟರ್ ಗೊತ್ತದ” ಎಂದು ಹೊರಟಿದ್ದರು. ಮಗುವಿನ ಅಂಥ ಚಿತ್ರವನ್ನು ಹಂಚುವುದು ಯಾರು ಮಾಡಿದರೂ ಅಪರಾಧ, ಒಳ್ಳೆಯ ಮನಸ್ಸಿನಿಂದ ಮಾಡಿದರೂ ಸಹ. ಮೊಬೈಲನ್ನು ಇದ್ದಂತೆಯೇ ಪೊಲೀಸರಿಗೆ ತೋರಿಸಿದರಾಯಿತು.

ದೂರನ್ನು ಕೇಂದ್ರ ಸರ್ಕಾರದ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ದಾಖಲಿಸಿ, ಮರುದಿನ ಠಾಣೆಗೂ ಕೊಟ್ಟೆವು. 1930 ಸೈಬರ್ ಅಪರಾಧದ ಸಹಾಯವಾಣಿ, 1098 ಮಕ್ಕಳ ಸಹಾಯವಾಣಿ. ಎರಡನ್ನೂ ತಾಯಿಯ ಮೊಬೈಲಿನಲ್ಲಿ ಸೇವ್ ಮಾಡಿಸಿದೆ. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯೊಂದಿದೆ, 18 ತುಂಬುವ ಮೊದಲು ತೆಗೆದ ಚಿತ್ರಗಳಿಗಾಗಿಯೇ ಇರುವಂಥದ್ದು. ಚಿತ್ರ ನಮ್ಮ ಮೊಬೈಲ್ ಬಿಟ್ಟು ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಂನಂಥ ಕಂಪನಿಗಳು ಆ ಸಂಕೇತಕ್ಕೆ ಹೊಂದುವ ಚಿತ್ರ ತಮ್ಮಲ್ಲಿ ಕಂಡರೆ ತೆಗೆಯುತ್ತವೆ. ವಾಟ್ಸಾಪ್‌ನಂತೆ ಬೀಗ ಹಾಕಿಕೊಂಡು ಹೋಗುವ ಮೆಸೇಜುಗಳಲ್ಲಿ ಇದು ನಡೆಯುವುದಿಲ್ಲ. ಅದನ್ನೂ ಹುಡುಗಿಗೆ ಮುಚ್ಚಿಡಲಿಲ್ಲ. ಸುಳ್ಳು ಧೈರ್ಯ ಕೊಟ್ಟರೆ ಮುಂದೆ ನನ್ನ ಮಾತನ್ನು ನಂಬುವುದಿಲ್ಲ.

ಮೂರನೇ ಭೇಟಿಗೆ ತಂದೆ ಕೈಯಲ್ಲೊಂದು ಬಟ್ಟೆಚೀಲ ಹಿಡಿದು ಬಂದರು. ಮೇಜಿನ ಮೇಲೆ ಸುರಿದರೆ ವೈಫೈ ಡಬ್ಬಿ! ವೈರ್ ಸಮೇತ ಕಿತ್ತು ತಂದಿದ್ದರು. ಮೇಲೆ ಮೂರು ಬೆರಳಿನ ವಿಭೂತಿ, ಕೆಳಗಿನ ಕಿಂಡಿಗಳಲ್ಲಿ ಧೂಳು. “ಇದರಾಗ ಒಂದು ಬಟನ್ ಇರಬೇಕಲ್ರಿ, ಕೆಟ್ಟದ್ದು ಬರಲಾರದಂಗ ಮಾಡೋದು? ಇಲ್ಲಾಂದ್ರ ಇದು ನಮ್ಮ ಮನಿಗಿ ಬ್ಯಾಡೇ ಬ್ಯಾಡ.”

ಆ ಡಬ್ಬಿಯನ್ನು ತಿರುಗಿಸಿ ಹಿಂದಿನ ಚೀಟಿಯನ್ನು ಓದಿ ಎಂದು ತಾಯಿಗೆ ಕೊಟ್ಟೆ. ಎರಡು ಪಾಸ್‌ವರ್ಡ್ ಇದ್ದವು. ಒಂದು ವೈಫೈಗೆ ಸೇರಲು, ಇನ್ನೊಂದು ಡಬ್ಬಿಯ ಒಳಗಿನ ಸೆಟ್ಟಿಂಗ್ ತೆರೆಯಲು. ಮೊದಲನೆಯದು ಬಾಗಿಲ ಚಿಲಕ, ಎರಡನೆಯದು ತಿಜೋರಿಯ ಕೀಲಿ. ಎರಡನೆಯದು ಇದೆಯೆಂದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಂಪನಿಯವರು ಹಾಕಿಕೊಟ್ಟ ‘ಅಡ್ಮಿನ್’ ಎಂಬುದೇ ಇನ್ನೂ ಇತ್ತು. ಮೇಲಿನ ಬಾಡಿಗೆಯವರಿಗೂ ಇದೇ ವೈಫೈ ಕೊಟ್ಟಿದ್ದರು. ಅದನ್ನು ಯಾರು ಬಳಸಿ ಏನು ಮಾಡಿದರೂ ವಿಚಾರಣೆ ಮೊದಲು ಬರುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೇ. ಅತಿಥಿಗಳಿಗೆ ಬೇರೆ ಹೆಸರಿನ ವೈಫೈ ಮಾಡಬಹುದು ಎಂದೆ. “ಗೆಸ್ಟ್ ನೆಟ್‌ವರ್ಕ್” ಎಂದಳು ಹುಡುಗಿ, ಮೂರು ಭೇಟಿಯಲ್ಲಿ ಮೊದಲ ಸಲ ಕೇಳದೆಯೇ ಬಾಯಿಬಿಟ್ಟು. ಮುಂದಿನ ಹತ್ತು ನಿಮಿಷ ತಂದೆಗೆ ಪಾಠ ಹೇಳಿದವಳು ಅವಳೇ. ಬ್ರೌಸರ್‌ನಲ್ಲಿ 192.168.1.1 ಎಂದು ಹೊಡೆದರೆ ಬಹಳಷ್ಟು ಡಬ್ಬಿಗಳ ಒಳಬಾಗಿಲು ತೆರೆಯುತ್ತದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ತಂದೆ ಮಗಳ ಕಡೆ ನೋಡಿದ ನೋಟದಲ್ಲಿ ಆ ವಾರದಲ್ಲಿ ಮೊದಲ ಸಲ ಸಿಟ್ಟು ಇರಲಿಲ್ಲ.

ಬಟನ್ ಇದೆಯೇ? ಅರ್ಧ ಇದೆ. ನಾವು ಯಾವುದೇ ಜಾಲತಾಣದ ಹೆಸರು ಹೊಡೆದಾಗ ಅದರ ನಂಬರ್ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ತಂದೆಯ ಅಂಗಡಿಯ ಮುನೀಮನಿದ್ದಂತೆ, ರೈತನ ಹೆಸರು ಹೇಳಿದರೆ ಖಾತೆಯ ಪುಟ ತೆಗೆಯುವವನು. ಆ ಜಾಗದಲ್ಲಿ 1.1.1.3 ಎಂದು ಹಾಕಿದರೆ ಅಶ್ಲೀಲ ತಾಣಗಳ, ವೈರಸ್ ಹರಡುವ ತಾಣಗಳ ಪುಟವನ್ನು ಆ ಮುನೀಮ ತೆರೆಯುವುದೇ ಇಲ್ಲ. ಕ್ಲೌಡ್‌ಫ್ಲೇರ್ ಕಂಪನಿ ಇದನ್ನು 2020ರಿಂದ ಉಚಿತವಾಗಿ ನಡೆಸುತ್ತಿದೆ. ಹಾಕಿಸಿದೆವು. ಆದರೆ ತಂದೆಗೆ ನೇರವಾಗಿಯೇ ಹೇಳಿದೆ: ಇದು ಮೊದಲೇ ಇದ್ದಿದ್ದರೂ ಅವನನ್ನು ತಡೆಯುತ್ತಿರಲಿಲ್ಲ. ಅವನು ಬಂದದ್ದು ಆಟದೊಳಗಿಂದ, ಇನ್‌ಸ್ಟಾಗ್ರಾಂನೊಳಗಿಂದ. ಗಂಜಿನ ಗೇಟಿನಲ್ಲಿ ನಿಂತವನಿಗೆ ಲಾರಿ ಯಾವ ಅಂಗಡಿಗೆ ಹೊರಟಿದೆ ಎಂದು ಕಂಡೀತು, ಹೊಲಿದ ಚೀಲದೊಳಗೆ ಏನಿದೆ ಎಂದು ಕಾಣುವುದಿಲ್ಲ. ವೈಫೈ ಡಬ್ಬಿಯೂ ಅಷ್ಟೇ. ಮೊಬೈಲಿನ ಸಿಮ್ ಡೇಟಾ ಆನ್ ಮಾಡಿದರಂತೂ ಈ ಗೇಟಿನ ಕಡೆ ಬರುವುದೇ ಇಲ್ಲ.

ಅವನನ್ನು ತಡೆಯಬಹುದಾಗಿದ್ದ ಜಾಗ ಬೇರೆಯಿತ್ತು. ಹುಡುಗಿ ಇನ್‌ಸ್ಟಾಗ್ರಾಂ ಖಾತೆ ತೆರೆಯುವಾಗ ಹುಟ್ಟಿದ ವರ್ಷವನ್ನು 2000 ಎಂದು ಹಾಕಿದ್ದಳು. ಗೆಳತಿ ಹಾಗೆ ಹಾಕು ಎಂದಳಂತೆ. 13 ತುಂಬದವರಿಗೆ ಖಾತೆ ಇಲ್ಲ, ಅವಳಿಗೆ ಆಗ 11. ಇನ್‌ಸ್ಟಾಗ್ರಾಂ 2024ರಲ್ಲಿ ಹದಿಹರೆಯದವರಿಗೆ ಟೀನ್ ಅಕೌಂಟ್ ತಂದಿತು. ಅದರಲ್ಲಿ ಖಾತೆ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ಗುರುತಿಲ್ಲದವರು ಮೆಸೇಜ್ ಮಾಡಲಾಗುವುದಿಲ್ಲ. ಆದರೆ ಆ್ಯಪ್‌ನ ಲೆಕ್ಕದಲ್ಲಿ ಇವಳು ಇಪ್ಪತ್ತು ದಾಟಿದ ಹೆಂಗಸು. ಪೊಲೀಸರ ಕೆಲಸ ಮುಗಿದ ಮೇಲೆ ಆ ಖಾತೆ ಮುಚ್ಚುವುದು, ಹೊಸದು ಬೇಕೆನಿಸಿದರೆ ನಿಜವಾದ ಹುಟ್ಟಿದ ದಿನಾಂಕ ಹಾಕಿ ತಾಯಿಯ ಜೊತೆ ಕೂತು ತೆರೆಯುವುದು ಎಂದು ಒಪ್ಪಿಕೊಂಡರು. ಮೊಬೈಲಿಗೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿದೆವು, ಹೊಸ ಆ್ಯಪ್‌ಗೆ ತಾಯಿಯ ಒಪ್ಪಿಗೆ ಬೇಕು, ರಾತ್ರಿ ಒಂಬತ್ತೂವರೆಗೆ ಬೀಗ. ಮಗಳಿಗೆ ಗೊತ್ತಾಗದಂತೆ ಮೆಸೇಜ್ ಓದುವ ಆ್ಯಪ್ ಬೇಕೆಂದು ತಂದೆ ಕೇಳಿದರು. ನಾನು ಒಪ್ಪಲಿಲ್ಲ. ಕದ್ದು ನೋಡುವ ಮನೆಯಲ್ಲಿ ಮಗು ಇನ್ನೂ ಆಳಕ್ಕೆ ಬಚ್ಚಿಡುವುದನ್ನು ಕಲಿಯುತ್ತದೆ.

ಕೊನೆಗೆ ಒಂದು ಕಾಗದ ಬರೆಸಿದೆ. ನಿಯಮಗಳನ್ನು ತಂದೆ-ತಾಯಿ ಹೇಳಿದರು, ಬರೆದವಳು ಹುಡುಗಿ. ಎಲ್ಲರ ಮೊಬೈಲೂ, ಅಪ್ಪನದೂ ಸೇರಿ, ರಾತ್ರಿ ನಡುಮನೆಯ ಮಾಡದಲ್ಲಿ ಚಾರ್ಜಿಗೆ. ಆಟದ ಚಾಟ್ ಬಂದ್. ನಂತರ ಪೆನ್ ಹಿಡಿದುಕೊಂಡು ಬಹಳ ಹೊತ್ತು ಕೂತಳು, ಆಮೇಲೆ ತಾನೇ ಒಂದು ಸಾಲು ಸೇರಿಸಿದಳು: “ಏನೇ ಆದ್ರೂ ಅವ್ವಗ ಹೇಳ್ತೀನಿ. ಹೇಳಿದ್ದಕ್ಕ ಮೊಬೈಲ್ ಕಸ್ಕೋಬಾರ್ದು, ಸಾಲಿ ಬಿಡಸಬಾರ್ದು.” ತಂದೆ ಅದನ್ನು ಎರಡು ಸಲ ಓದಿ ಕೆಳಗೆ ಸಹಿ ಹಾಕಿದರು. ತಾಯಿ ಹಾಕುವಾಗ ಕೈ ನಡುಗುತ್ತಿತ್ತು.

ಐದು ತಿಂಗಳಾಯಿತು. ತನಿಖೆ ನಡೆದಿದೆ. ಹೊಟ್ಟೆನೋವು ಎರಡನೇ ತಿಂಗಳಿಗೆ ನಿಂತಿತು, ಆದರೆ ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಇವತ್ತಿಗೂ ಅವಳ ಮುಖ ಬಿಳಿಚಿಕೊಳ್ಳುತ್ತದೆ. ಅದಕ್ಕೇ ಹದಿನೈದು ದಿನಕ್ಕೊಮ್ಮೆ ಇನ್ನೂ ಬರುತ್ತಾಳೆ. ಹೋದ ವಾರ ತಾಯಿ ಬಾಗಿಲಲ್ಲೇ ನಿಂತು ಹೇಳಿದರು: “ನಿನ್ನೆ ಯಾವನೋ ‘ಹಾಯ್’ ಅಂತ ಮೆಸೇಜ್ ಮಾಡಿದ್ದ್ರಿ. ರೊಟ್ಟಿ ಬಡಿಲಾಕತ್ತಿದ್ದೆ, ಮೊಬೈಲ್ ತಂದು ಒಲಿ ಮುಂದ ಹಿಡದಳು. ಕೈ ತೊಳಕೊಂಡು ಇಬ್ರೂ ಕೂಡೇ ಬ್ಲಾಕ್ ಮಾಡಿದಿವಿ.”