ಭೀಮೆ ದಾಟಿದರೆ ಸೀಟು, ಈಚೆ ದಡಕ್ಕೆ ಯಾಕಿಲ್ಲ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಧಾಟಿಯವು. ಶಾಲೆ ಸೀಟು, ಆಸ್ಪತ್ರೆ ಕಾರ್ಡು, ಸರ್ಕಾರಿ ಮನೆ. "ಅವರಿಗೆ ಸಿಕ್ಕಿತು, ನಮಗ್ಯಾಕೆ ಸಿಗಲಿಲ್ಲ" ಅನ್ನೋದೇ ಎಲ್ಲರ ಸಂಕಟ. ಐದು ಪತ್ರ ಆರಿಸಿದ್ದೇನೆ. ಹೆಸರು ಬೇಡ ಅಂದಿದ್ದೀರಿ, ಊರು ಮಾತ್ರ ಹಾಕಿದ್ದೇನೆ.

ಪ್ರತಿ ಡಿಸೆಂಬರ್ ಬಂತು ಅಂದರೆ ಸುವರ್ಣ ವಿಧಾನಸೌಧದ ಅಧಿವೇಶನ, ನಮಗೆ ಟ್ರಾಫಿಕ್ ಜಾಮು. ಖಾಸಗಿ ಶಾಲೆಯಲ್ಲಿ ಬಡ ಮಕ್ಕಳಿಗೆ ಶೇ 25 ಸೀಟು ಅಂತ ಸಂಸತ್ತು ಶಿಕ್ಷಣ ಹಕ್ಕು ಕಾನೂನು (ಆರ್‌ಟಿಇ) ಮಾಡಿದೆ ಅಂತಾರೆ. ನನ್ನ ಮಗಳಿಗೆ ಕೇಳಲು ಹೋದರೆ "ಈ ಶಾಲೆಗೆ ಆರ್‌ಟಿಇ ಬರಲ್ಲ" ಅಂದರು. ಸದನದಲ್ಲಿ ಮಾತಾಡಿ ಏನು ಬಂತು?
ಶಹಾಪುರ, ಬೆಳಗಾವಿ

ಕಾನೂನು ಇದೆ, ನಿಜ. 2009ರ ಜುಲೈನಲ್ಲಿ ರಾಜ್ಯಸಭೆ, ಆಗಸ್ಟ್ 4ಕ್ಕೆ ಲೋಕಸಭೆ ಒಪ್ಪಿದವು. 2010ರ ಏಪ್ರಿಲ್ 1ರಿಂದ ಜಾರಿ. ಅನುದಾನ ಪಡೆಯದ ಖಾಸಗಿ ಶಾಲೆಗಳೂ ನಾಲ್ಕರಲ್ಲಿ ಒಂದು ಸೀಟನ್ನು ಸುತ್ತಮುತ್ತಲಿನ ಬಡ ಮಕ್ಕಳಿಗೆ ಕೊಡಬೇಕು ಅಂತ 12ನೇ ಸೆಕ್ಷನ್ ಹೇಳುತ್ತದೆ. ಶುರುವಿನಲ್ಲಿ ನಮ್ಮ ರಾಜ್ಯದಲ್ಲೂ ಹಾಗೇ ನಡೆಯಿತು, ಲಾಟರಿ ದಿನ ಬಿಇಒ ಆಫೀಸಿನ ಮುಂದೆ ಜನ ನೆರೆಯುತ್ತಿದ್ದದ್ದು ನಿಮಗೂ ನೆನಪಿರಬಹುದು.

ಬದಲಾಗಿದ್ದು ಕಾನೂನಲ್ಲ, ನಿಯಮ. ರಾಜ್ಯ ಸರ್ಕಾರ ತನ್ನ ನಿಯಮ 4ನ್ನು ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಾಗಿಲ್ಲ ಅಂತಾಯಿತು. ಬೆಳಗಾವಿಯಂಥ ಊರಲ್ಲಿ ಸರ್ಕಾರಿ ಶಾಲೆ ಇಲ್ಲದ ಓಣಿ ಎಲ್ಲಿದೆ ಹೇಳಿ? ಅಲ್ಲಿಗೆ ಶೇ 25 ಅನ್ನೋದು ಹೆಚ್ಚಿನ ಕಡೆ ಕಾಗದದ ಮೇಲೆ ಉಳಿಯಿತು. 2019ರ ಮೇ ತಿಂಗಳಲ್ಲಿ ನಮ್ಮ ಹೈಕೋರ್ಟ್ ಈ ತಿದ್ದುಪಡಿ ಸರಿ ಅಂದಿತು. ಸರ್ಕಾರದ ವಾದವೂ ಪೂರ್ತಿ ಸುಳ್ಳಲ್ಲ: ಖಾಸಗಿ ಶಾಲೆಗೆ ಫೀಸು ಕಟ್ಟುವ ದುಡ್ಡನ್ನು ನಮ್ಮ ಶಾಲೆಗೇ ಹಾಕೋಣ, ಅಲ್ಲಿಂದ ಮಕ್ಕಳು ಖಾಲಿಯಾಗುವುದು ಬೇಡ ಅಂತ. ಆ ದುಡ್ಡು ಸರ್ಕಾರಿ ಶಾಲೆಗೆ ಬಂತಾ ಅಂತ ಕೇಳುವವರು ಮಾತ್ರ ಕಡಿಮೆ.

ಇನ್ನೊಂದು ತಮಾಷೆ ಕೇಳಿ. ಇಂಥದ್ದೇ ವಿನಾಯಿತಿಯನ್ನು ಮಹಾರಾಷ್ಟ್ರವೂ 2024ರ ಫೆಬ್ರುವರಿಯಲ್ಲಿ ತಂದಿತ್ತು. ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅಂದರೆ ಒಂದೇ ಕೇಂದ್ರ ಕಾನೂನು, ಗಡಿಯಾಚೆ ಮಹಾರಾಷ್ಟ್ರದ ಚಂದಗಡದ ಮಗುವಿಗೆ ಒಂದು ಥರ, ನಿಮ್ಮ ಮಗಳಿಗೆ ಇನ್ನೊಂದು ಥರ.

ಆದರೆ ಪೂರ್ತಿ ಕೈಚೆಲ್ಲಬೇಡಿ. ಡೊನೇಷನ್ ಕೇಳುವಂತಿಲ್ಲ, ಮಗುವಿಗಾಗಲಿ ನಿಮಗಾಗಲಿ ಇಂಟರ್‌ವ್ಯೂ ಮಾಡುವಂತಿಲ್ಲ ಅನ್ನುವ 13ನೇ ಸೆಕ್ಷನ್ ಹಾಗೇ ಇದೆ. ಇಂಟರ್‌ವ್ಯೂ ಮಾಡಿದರೆ ಮೊದಲ ಸಲ 25 ಸಾವಿರದವರೆಗೆ ದಂಡ. ಜನನ ಪ್ರಮಾಣಪತ್ರ ಇಲ್ಲ ಅಂತ ಸೀಟು ನಿರಾಕರಿಸುವಂತಿಲ್ಲ. ಸುಪ್ರೀಂ ಕೋರ್ಟಿನ 2014ರ ತೀರ್ಪಿನ ಪ್ರಕಾರ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಮಾತ್ರ ಈ ಕಾನೂನು ಅನ್ವಯಿಸುವುದಿಲ್ಲ.

ಹಾಂ, ಸದನದ ಮಾತು. ರಾಜ್ಯ ಮಾಡಿದ ಇಂಥ ನಿಯಮವನ್ನು ಶಾಸಕಾಂಗದ ಮುಂದೆ ಇಡಬೇಕು ಅಂತ ಅದೇ ಕಾನೂನಿನಲ್ಲಿದೆ. ಮಸೂದೆಗೆ ಗಂಟೆಗಟ್ಟಲೆ ಚರ್ಚೆ ಆಗುತ್ತದೆ, ಟಿವಿಯಲ್ಲೂ ಬರುತ್ತದೆ. ನಿಯಮದ ಆ ಎರಡು ಹಾಳೆ ಯಾರೂ ತಿರುವಿ ನೋಡುವುದಿಲ್ಲ. ನಿಮ್ಮ ಮಗಳ ಸೀಟು ಹೋಗಿದ್ದು ಆ ಎರಡು ಹಾಳೆಯಲ್ಲಿ.

ಭೀಮಾ ಸೇತುವೆ ದಾಟಿದರೆ ಅಫಜಲಪುರ. ಅಲ್ಲಿನ ಹುಡುಗನಿಗೆ ಮೆಡಿಕಲ್ ಸೀಟಿಗೆ 371ಜೆ ಮೀಸಲಾತಿ ಇದೆ. ನನ್ನ ಮಗನಿಗೆ ಅವನಿಗಿಂತ ಜಾಸ್ತಿ ಅಂಕ ಬಂದರೂ ಇಲ್ಲ. ಅದೇ ಬಿಸಿಲು, ಅದೇ ಬರ. ಇದು ಯಾವ ನ್ಯಾಯ ಸ್ವಾಮಿ?
ಆಲಮೇಲ, ವಿಜಯಪುರ ಜಿಲ್ಲೆ

ನಿಮ್ಮ ಪತ್ರ ಎರಡು ಸಲ ಓದಿದೆ. ಸಿಟ್ಟು ಅರ್ಥವಾಗುತ್ತದೆ.

371ಜೆ ಬಂದದ್ದು ಸಂವಿಧಾನದ 98ನೇ ತಿದ್ದುಪಡಿಯಿಂದ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿತು, 2013ರಲ್ಲಿ ಜಾರಿಯಾಯಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಈಗ ವಿಜಯನಗರ, ಒಟ್ಟು ಏಳು ಜಿಲ್ಲೆ. ಆ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಅಲ್ಲಿನವರಿಗೆ, ಉಳಿದ ಕರ್ನಾಟಕದ ಕಾಲೇಜುಗಳಲ್ಲೂ ಶೇ 8. ಹಾಗಾಗಿ ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕಾಲೇಜಿನಲ್ಲೂ ಆ ಶೇ 8 ಅವರಿಗೆ ಇದೆ, ನಮಗೆ ಅಲ್ಲಿ ಶೇ 70ರ ಪಾಲಿಲ್ಲ.

ಈ ಗೆರೆ ಎಳೆದದ್ದು ಬಡತನ ಅಳೆದು ಅಲ್ಲ, ಇತಿಹಾಸ ನೋಡಿ. ನಿಜಾಮರ ಆಳ್ವಿಕೆಯಲ್ಲಿದ್ದ ಭಾಗ ಶಾಲೆ, ರಸ್ತೆ, ನೌಕರಿ ಎಲ್ಲದರಲ್ಲೂ ಹಿಂದೆ ಬಿದ್ದಿತ್ತು ಅನ್ನೋದು ಅದರ ಆಧಾರ. ನಾವು ಮುಂಬಯಿ ಪ್ರಾಂತ್ಯದಲ್ಲಿದ್ದವರು. 2021ರಲ್ಲಿ ನಮಗೆ ಕಿತ್ತೂರು ಕರ್ನಾಟಕ ಅಂತ ಹೊಸ ಹೆಸರು ಬಂತು, ಹೆಸರಿನ ಜೊತೆ ಮೀಸಲಾತಿ ಬರಲಿಲ್ಲ. ಇನ್ನು ಅವರಿಗೂ ಸುಮ್ನೆ ಸಿಕ್ಕಿದ್ದಲ್ಲ. ದಶಕಗಳ ಹೋರಾಟ ಅದು, ಕೇಂದ್ರ ಒಮ್ಮೆ ಆಗಲ್ಲ ಅಂತ ವಾಪಸ್ ಕಳಿಸಿದ ಮೇಲೂ ಬಿಡದೆ ಹಿಡಿದು ಪಡೆದದ್ದು. ಅವರ ಪಾಲು ಕಿತ್ತುಕೊಳ್ಳಿ ಅನ್ನೋ ದಾರಿಗೆ ಹೋಗಬೇಡಿ.

ಬೇರೆ ಅಳತೆಗೋಲೂ ಒಂದಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಹಳೆಯ ಪ್ರಾಂತ್ಯ ನೋಡಲಿಲ್ಲ, ತಾಲ್ಲೂಕು ತಾಲ್ಲೂಕಾಗಿ ಲೆಕ್ಕ ಹಾಕಿತು. ಆಗಿದ್ದ 175ರಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು ಅಂದಿತು. ದಕ್ಷಿಣದ ತಾಲ್ಲೂಕುಗಳೂ ಆ ಪಟ್ಟಿಯಲ್ಲಿವೆ. ನನಗೆ ಕೇಳಿದರೆ ಇದೇ ಸರಿಯಾದ ರೀತಿ. ನದಿಯ ಯಾವ ದಡ ಅಂತ ನೋಡುವುದಕ್ಕಿಂತ ಊರಲ್ಲಿ ಏನಿದೆ ಏನಿಲ್ಲ ಅಂತ ನೋಡುವುದು ಒಳ್ಳೆಯದಲ್ವಾ? ಆದರೆ ಆ ವರದಿಯಿಂದ ಅನುದಾನ ಬಂತೇ ಹೊರತು ಸೀಟು ಬರಲಿಲ್ಲ. ಸೀಟಿಗೆ ಸಂವಿಧಾನದ ಬಲ ಬೇಕು. ಅದು ಬೆಳಗಾವಿಯಲ್ಲಿ ಆಗುವ ಕೆಲಸವಲ್ಲ, ದೆಹಲಿಯದು. ನಮ್ಮ ಸಂಸದರನ್ನು ಕೇಳಬೇಕಾದ ಪ್ರಶ್ನೆಯನ್ನು ನಾವು ಶಾಸಕರಿಗೆ ಕೇಳುತ್ತಾ ಕೂತಿದ್ದೇವೆ.

ನಮ್ಮದು ಎಪಿಎಲ್ ಕಾರ್ಡ್. ಯಜಮಾನರಿಗೆ ಹೃದಯದ ಆಪರೇಷನ್ ಆಗಬೇಕು. ನಮಗೂ ಸರ್ಕಾರದ ಆರೋಗ್ಯ ಯೋಜನೆ ಇದೆಯಾ? ಗಡಿಯಾಚೆ ಮೀರಜ್‌ಗೆ ಹೋದರೆ ನಡೆಯುತ್ತಾ?
ನಿಪ್ಪಾಣಿ

ಇದೆ, ಆದರೆ ಅರೆಬರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಇದ್ದರೆ ನೇರ ಹೋಗಬಹುದು. ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು.

"ಪ್ಯಾಕೇಜ್ ದರ" ಅನ್ನೋ ಮಾತಿಗೆ ಗೆರೆ ಎಳೆದುಕೊಳ್ಳಿ. ನಮ್ಮ ಭಾವನವರನ್ನು ಒಂದು ಆಸ್ಪತ್ರೆಗೆ ಸೇರಿಸಿದಾಗ ಬಿಲ್ಲಿನ ಶೇ 30 ಸರ್ಕಾರ ಕಟ್ಟುತ್ತೆ ಅಂತ ನಾವು ಜಾಣರಂತೆ ಲೆಕ್ಕ ಹಾಕಿ ಕೂತಿದ್ದೆವು. ಅದು ಸರ್ಕಾರ ಗೊತ್ತು ಮಾಡಿದ ದರದ ಮೇಲೆ ಬರುವ ಶೇ 30, ಬಿಲ್ಲಿನ ಮೇಲಲ್ಲ. ಡಿಸ್ಚಾರ್ಜ್ ದಿನ ಅಕ್ಕನ ಬಳೆ ಅಡವಿಡಬೇಕಾಯಿತು. ಹಾಗಾಗಿ ಸೇರಿಸುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯ ಮಿತ್ರರನ್ನು ಹುಡುಕಿ, ಪ್ಯಾಕೇಜ್ ದರ ಎಷ್ಟು, ನಮ್ಮ ಕೈಯಿಂದ ಎಷ್ಟು ಅಂತ ಬರೆಸಿಕೊಳ್ಳಿ. ನೀವು ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿಯನ್ನೂ ವಿಚಾರಿಸಿ, ನಿಂತಿದ್ದ ಆ ಯೋಜನೆ 2022ರಲ್ಲಿ ಮತ್ತೆ ಶುರುವಾಗಿದೆ.

ಮೀರಜ್ ವಿಷಯ ಹೋಗುವ ಮೊದಲೇ ಆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. 2023ರಲ್ಲಿ ಮಹಾರಾಷ್ಟ್ರ ತನ್ನ ಆರೋಗ್ಯ ಯೋಜನೆಯನ್ನು ಗಡಿಯ ಈಚಿನ 865 ಊರುಗಳಿಗೂ ಕೊಡುತ್ತೇವೆ ಅಂದಾಗ ಎಷ್ಟು ಗಲಾಟೆ ಆಯಿತು ನೋಡಿದ್ದೀರಿ. ಕರ್ನಾಟಕ ವಿರೋಧಿಸಿದ್ದು ಸರಿಯೇ, ಅದರಲ್ಲಿ ಗಡಿ ರಾಜಕೀಯ ಇತ್ತು. ಆದರೆ ಆ ಗಲಾಟೆಯಲ್ಲಿ ನಿಪ್ಪಾಣಿಯ ರೋಗಿ ಯಾಕೆ ಮೀರಜ್ ಬಸ್ ಹತ್ತುತ್ತಾನೆ ಅಂತ ಕೇಳಿದ ದನಿ ದೊಡ್ಡದಾಗಿ ಕೇಳಿಸಲಿಲ್ಲ.

ಮತ್ತೆ, ನಿಮ್ಮ ಕಾರ್ಡ್ ಯಾಕೆ ಎಪಿಎಲ್ ಅಂತ ಒಮ್ಮೆ ನೋಡಿ. ಬಿಪಿಎಲ್‌ಗೆ ಆದಾಯದ ಮಿತಿ ವರ್ಷಕ್ಕೆ 1.2 ಲಕ್ಷ, ಅಂದರೆ ತಿಂಗಳಿಗೆ 10 ಸಾವಿರ. 3 ಹೆಕ್ಟೇರ್‌ಗಿಂತ ಜಾಸ್ತಿ ಒಣಭೂಮಿ ಇದ್ದರೂ ಬಿಪಿಎಲ್ ಇಲ್ಲ. ಮಳೆ ಕೈಕೊಟ್ಟ ವರ್ಷ ಇಂಡಿ ಕಡೆಯ ಎಂಟು ಎಕರೆ ರೈತನನ್ನು ಶ್ರೀಮಂತ ಅನ್ನಬೇಕು ಅಂದರೆ ಎದೆಗಾರಿಕೆ ಬೇಕು. 2024ರ ನವೆಂಬರ್‌ನಲ್ಲಿ ಕಾರ್ಡ್ ರದ್ದತಿಗೆ ಜನ ಸಿಡಿದೆದ್ದ ಮೇಲೆ ಸರ್ಕಾರಿ ನೌಕರರು, ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡುತ್ತೇವೆ ಅಂತ ಸರ್ಕಾರ ಹೇಳಿತು.

2019ರ ಮಹಾಪೂರದಲ್ಲಿ ಎದುರುಮನೆಯವರಿಗೆ 5 ಲಕ್ಷ ಬಂತು. ನಮ್ಮ ಮನೆಗೆ 50 ಸಾವಿರ. ಆಮೇಲೆ ಪಿಎಂ ಆವಾಸ್‌ಗೆ ಹಾಕಿದರೆ ಬೈಕ್ ಇದೆ ಅಂತ ಹೆಸರು ತೆಗೆದರು.
ಮುಧೋಳ ತಾಲ್ಲೂಕು

ಘಟಪ್ರಭೆ ಎರಡೂ ಮನೆಗೆ ಒಂದೇ ಥರ ನುಗ್ಗಿತ್ತು, ಗೊತ್ತು. ಪರಿಹಾರಕ್ಕೆ ಮಾತ್ರ ಎ, ಬಿ, ಸಿ ಅಂತ ಮೂರು ವರ್ಗ. ಶೇ 75ಕ್ಕಿಂತ ಜಾಸ್ತಿ ಬಿದ್ದರೆ ಎ, 5 ಲಕ್ಷ. ಶೇ 15ರಿಂದ 25 ಅಂದರೆ ಸಿ, 50 ಸಾವಿರ. ಮಣ್ಣಿನ ಗೋಡೆ ಶೇ 24 ಬಿದ್ದಿದೆಯೋ ಶೇ 26 ಬಿದ್ದಿದೆಯೋ ಅಂತ ನಿಂತು ನೋಡಿ ಬರೆಯುವವರು ಮನುಷ್ಯರೇ, ಜಗಳ ಅಲ್ಲೇ ಹುಟ್ಟಿದ್ದು. ಕೇಂದ್ರದ ವಿಪತ್ತು ನಿಧಿ ಲೆಕ್ಕದಲ್ಲಿ ಪೂರ್ತಿ ಬಿದ್ದ ಮನೆಗೂ ಆಗ ಇದ್ದದ್ದು 95,100 ರೂಪಾಯಿ, ಮೇಲಿನದು ರಾಜ್ಯ ಹಾಕಿದ್ದು.

ಬೈಕ್ ವಿಷಯದಲ್ಲಿ ಒಳ್ಳೆ ಸುದ್ದಿ ಇದೆ. 2024ರಲ್ಲಿ ಕೇಂದ್ರ ಆ ಷರತ್ತು ಕೈಬಿಟ್ಟಿದೆ. ಬೈಕ್, ಫ್ರಿಜ್ ಇದ್ದರೂ ಅಡ್ಡಿಯಿಲ್ಲ, ತಿಂಗಳ ಆದಾಯದ ಮಿತಿ 10 ಸಾವಿರದಿಂದ 15 ಸಾವಿರಕ್ಕೆ ಏರಿದೆ. ಗ್ರಾಮಸಭೆ ದಿನ ಹೋಗಿ ಕೂತು ಪಟ್ಟಿಯಲ್ಲಿ ಹೆಸರಿದೆಯಾ ನೋಡಿ, ಇಲ್ಲದಿದ್ದರೆ ನಡಾವಳಿಯಲ್ಲಿ ಆಕ್ಷೇಪ ಬರೆಸಿ. ಸಭೆ ಮುಗಿದ ಮೇಲೆ ಪಿಡಿಒ ಹಿಂದೆ ಓಡಾಡಿ ಉಪಯೋಗವಿಲ್ಲ.

ಹೆಸರು ಬಂದರೂ ಕೇಂದ್ರದ ಯೋಜನೆಯಲ್ಲಿ ನಮ್ಮಂಥ ಬಯಲು ಸೀಮೆಗೆ ಸಿಗುವುದು 1.2 ಲಕ್ಷ, ಶೌಚಾಲಯಕ್ಕೆ ಬೇರೆ 12 ಸಾವಿರ. 2016ರಲ್ಲಿ ಗೊತ್ತು ಮಾಡಿದ ಮೊತ್ತ ಅದು. ಹೆಚ್ಚಿಸಿ ಅಂತ ಸಂಸತ್ತಿನ ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿಯೇ ಹೇಳಿದೆ. ಗೌಂಡಿ, ಸಿಮೆಂಟು, ಕಬ್ಬಿಣ ಯಾವುದೂ 2016ರ ರೇಟಿನಲ್ಲಿ ಸಿಗಲ್ಲ ಅಂತ ಮನೆ ಕಟ್ಟಿಸಿದವರಿಗೆ ಗೊತ್ತು.

ಎಂಎಲ್‌ಎ ಪತ್ರ ಇದ್ದರೆ ಸೀಟು, ಮನೆ, ಆಸ್ಪತ್ರೆ ಎಲ್ಲ ಆಗುತ್ತೆ ಅಂತಾರೆ. ಹೌದಾ?
ವಿಜಯಪುರ

ಆರ್‌ಟಿಇ ಸೀಟಿಗೆ ಆನ್‌ಲೈನ್ ಲಾಟರಿ, ಕಂಪ್ಯೂಟರಿಗೆ ಲೆಟರ್‌ಹೆಡ್ ಓದಲು ಬರಲ್ಲ. ಮನೆಯ ಪಟ್ಟಿ ಗ್ರಾಮಸಭೆಯದು, ಅಲ್ಲಿ ಪತ್ರ ಕೆಲಸ ಮಾಡಿದರೆ ನಿಮ್ಮಂಥ ಇನ್ನೊಬ್ಬರ ಹೆಸರು ಕೆಳಗೆ ಹೋಗಿರುತ್ತದೆ.

ಶಾಸಕರ ಹತ್ತಿರ ಹೋಗುವುದೇ ಆದರೆ ಪತ್ರದ ಬದಲು ಪ್ರಶ್ನೆ ಕೇಳಿಸಿ. ಚುಕ್ಕೆ ಗುರುತಿಲ್ಲದ ಪ್ರಶ್ನೆ ಅಂತ ಇರುತ್ತದೆ. ಅದಕ್ಕೆ ಸಚಿವರು ಎದ್ದು ನಿಂತು ಮಾತಾಡಬೇಕಾಗಿಲ್ಲ, ಬರಹದಲ್ಲಿ ಉತ್ತರ ಕೊಡುತ್ತಾರೆ, ಗದ್ದಲದಲ್ಲಿ ಕಲಾಪ ನಿಂತರೂ ಅದು ಕಾಗದದಲ್ಲಿ ಉಳಿಯುತ್ತದೆ. ಯಾವ ಪಂಚಾಯಿತಿ, ಯಾವ ವರ್ಷ, ಮಂಜೂರಾದ ಮನೆ ಎಷ್ಟು, ಬಿಲ್ ಬಾಕಿ ಎಷ್ಟು ಅಂತ ನೀವೇ ಬರೆದುಕೊಂಡು ಹೋಗಿ. ಸುಮ್ನೆ "ನ್ಯಾಯ ಕೊಡಿಸಿ" ಅಂತ ಕೊಟ್ಟರೆ "ಪರಿಶೀಲಿಸಲಾಗುವುದು" ಅಂತ ವಾಪಸ್ ಬರುತ್ತದೆ. ಉತ್ತರ ಸಿಕ್ಕರೆ ನಮಗೂ ಒಂದು ಜೆರಾಕ್ಸ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.