ಟಾಲಕ್ವಾಕ್ಕೆ ಬರುವ ಮುಂಚೆ: ಚೆರೊಕೀ ಕೌನ್ಸಿಲ್ ಜಗಳಗಳ ಬಗ್ಗೆ ಒಂದಿಷ್ಟು

ಡಾಕ್ಟ್ರೇ, ಅಮೆರಿಕದ ಒಕ್ಲಹೋಮಾ ರಾಜ್ಯದ ಟಾಲಕ್ವಾದಲ್ಲಿ ಚೆರೊಕೀ ನೇಷನ್ (ಮೂಲನಿವಾಸಿ ಬುಡಕಟ್ಟಿನ ಸರ್ಕಾರ) ನಡೆಸುವ ಆಸ್ಪತ್ರೆಗೆ ಜೆ-1 ವೇವರ್ (ತರಬೇತಿ ವೀಸಾದವರು ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ನಿಯಮದಿಂದ ವಿನಾಯಿತಿ) ಮೇಲೆ ಮೂರು ವರ್ಷಕ್ಕೆ ಸಹಿ ಹಾಕುವವರಿದ್ದೀರಿ. ಕೌನ್ಸಿಲ್‌ಗೂ ಚೀಫ್‌ಗೂ ಜಟಾಪಟಿ, ಮರುಎಣಿಕೆ, ಕೋರ್ಟು ಅಂತೆಲ್ಲ ಓದಿ ಗಾಬರಿಯಾಗಿ ಎರಡು ಪ್ರಶ್ನೆ ಕೇಳಿದ್ದೀರಿ: ಸರ್ಕಾರ ಬಿದ್ದರೆ ನನ್ನ ಕೆಲಸದ ಗತಿಯೇನು? ಅಲ್ಲಿ ನಡೆಯುವುದು ಯಾರ ಕಾನೂನು?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಅಲ್ಲಿ ಸರ್ಕಾರ ಬೀಳುವುದೇ ಇಲ್ಲ. ಪ್ರಿನ್ಸಿಪಲ್ ಚೀಫ್ ನೇರವಾಗಿ ಜನರಿಂದ ನಾಲ್ಕು ವರ್ಷಕ್ಕೆ ಆಯ್ಕೆಯಾಗುತ್ತಾರೆ, ಕೌನ್ಸಿಲ್ ಬೇರೆಯಾಗಿ ಆಯ್ಕೆಯಾಗುತ್ತದೆ. ಅವಿಶ್ವಾಸ ನಿರ್ಣಯ ಎಂಬುದಿಲ್ಲ, ಬಹುಮತ ಸಾಬೀತು ಮಾಡುವ ಪ್ರಸಂಗವೂ ಇಲ್ಲ. ವಿಧಾನಸೌಧದ ಲೆಕ್ಕ ಹಿಡಿದುಕೊಂಡು ಅಲ್ಲಿನ ಸುದ್ದಿ ಓದಿದರೆ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ.

ಎರಡನೆಯದಕ್ಕೆ ಸ್ವಲ್ಪ ವಿವರ ಬೇಕು. ಅದಕ್ಕೂ ಮುಂಚೆ, ನೀವು ಓದಿದ ಜಗಳ ಯಾವ ಚೆರೊಕೀ ಸರ್ಕಾರದ್ದು ಎಂದು ನೋಡಿಕೊಳ್ಳಿ. ಫೆಡರಲ್ ಸರ್ಕಾರ ಮಾನ್ಯ ಮಾಡಿರುವ ಚೆರೊಕೀ ಸರ್ಕಾರಗಳು ಮೂರು. ಟಾಲಕ್ವಾದ ಚೆರೊಕೀ ನೇಷನ್ ದೊಡ್ಡದು, ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ನಾಗರಿಕರು. ನಿಮಗೆ ಸಂಬಳ ಕೊಡುವುದು ಇದು. ಅದೇ ಊರಿನಲ್ಲಿ ಯುನೈಟೆಡ್ ಕಿಟೂವಾ ಬ್ಯಾಂಡ್ ಅಂತ ಇನ್ನೊಂದಿದೆ. ಈ ಎರಡರ ನಡುವೆ ಜಮೀನು ಯಾರದು, ಅಧಿಕಾರ ಎಲ್ಲಿಯವರೆಗೆ ಎಂಬ ವ್ಯಾಜ್ಯ ವರ್ಷಾನುಗಟ್ಟಲೆ ನಡೆದಿದೆ. ಮೂರನೆಯದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ನಾರ್ತ್ ಕ್ಯಾರೊಲೈನಾ ಬೆಟ್ಟಗಳಲ್ಲಿರುವ ಈಸ್ಟರ್ನ್ ಬ್ಯಾಂಡ್. ಸುದ್ದಿಯ ಶೀರ್ಷಿಕೆಯಲ್ಲಿ ಬರೀ 'ಚೆರೊಕೀ ಕೌನ್ಸಿಲ್' ಎಂದಿರುತ್ತದೆ. 2017ರಲ್ಲಿ ಚೀಫ್ ಪ್ಯಾಟ್ರಿಕ್ ಲ್ಯಾಂಬರ್ಟ್ ಅವರನ್ನು ಮಹಾಭಿಯೋಗ ನಡೆಸಿ ಕೌನ್ಸಿಲ್ ಇಳಿಸಿದ್ದು ಈಸ್ಟರ್ನ್ ಬ್ಯಾಂಡಿನಲ್ಲಿ. ಟಾಲಕ್ವಾಕ್ಕೂ ಅದಕ್ಕೂ ಸಂಬಂಧವಿಲ್ಲ. ಈಸ್ಟರ್ನ್ ಬ್ಯಾಂಡಿನ ಕೌನ್ಸಿಲ್ಲಿನಲ್ಲಿ ಇರುವುದು ಹನ್ನೆರಡು ಸದಸ್ಯರು, ಎರಡು ವರ್ಷದ ಅವಧಿ. ಎಲ್ಲರ ಮತಕ್ಕೂ ಒಂದೇ ಬೆಲೆಯಲ್ಲ, ಅವರವರ ಟೌನ್‌ಶಿಪ್ಪಿನ ಜನಸಂಖ್ಯೆಗೆ ತಕ್ಕ ತೂಕ. ಹಾಗಾಗಿ ಕೈ ಎತ್ತಿದವರನ್ನು ಎಣಿಸಿದರೆ ಅಲ್ಲಿ ಯಾರು ಗೆದ್ದರೆಂದು ಗೊತ್ತಾಗುವುದಿಲ್ಲ.

ಇನ್ನು ನಿಮ್ಮ ಊರಿನ ಕೌನ್ಸಿಲ್. ಒಟ್ಟು 17 ಸದಸ್ಯರು. 15 ಮಂದಿ ರಿಸರ್ವೇಶನ್ನಿನ (ಬುಡಕಟ್ಟಿನ ಭೂಪ್ರದೇಶ; ನಮ್ಮ ಮೀಸಲಾತಿಯಲ್ಲ) ಒಳಗಿನ ಜಿಲ್ಲೆಗಳಿಂದ, ಇಬ್ಬರು ಹೊರಗಿರುವ ನಾಗರಿಕರ ಪರವಾಗಿ 'ಅಟ್-ಲಾರ್ಜ್' ಸೀಟುಗಳಿಂದ. ನಾಗರಿಕರಲ್ಲಿ ಹೆಚ್ಚಿನವರು ಇರುವುದೇ ರಿಸರ್ವೇಶನ್ನಿನ ಹೊರಗೆ, ಟೆಕ್ಸಸ್, ಕ್ಯಾಲಿಫೋರ್ನಿಯಾ ಹೀಗೆ; ಅವರಿಗೆಲ್ಲ ಸೇರಿ ಎರಡೇ ಸೀಟು. ಇದರ ಗೊಣಗಾಟ ಪ್ರತಿ ಚುನಾವಣೆಯಲ್ಲೂ ಕೇಳುತ್ತದೆ. ಚುನಾವಣೆ ಬೆಸ ಸಂಖ್ಯೆಯ ವರ್ಷಗಳ ಜೂನ್‌ನಲ್ಲಿ, ಅಗತ್ಯಬಿದ್ದರೆ ಜುಲೈನಲ್ಲಿ ರನ್-ಆಫ್, ಆಗಸ್ಟ್ 14ಕ್ಕೆ ಪ್ರಮಾಣವಚನ. ಕೌನ್ಸಿಲ್ಲಿನ ಅರ್ಧದಷ್ಟು ಸೀಟು ಒಂದು ಸಲ, ಉಳಿದರ್ಧ ಎರಡು ವರ್ಷ ಬಿಟ್ಟು. ಪಕ್ಷಗಳಿಲ್ಲ, ಚಿಹ್ನೆಗಳಿಲ್ಲ, ಆದರೆ ಚೀಫ್ ಬೆಂಬಲಿಗರು ಯಾರು, ವಿರೋಧಿಗಳು ಯಾರು ಎಂದು ಊರಿಗೆಲ್ಲ ಗೊತ್ತಿರುತ್ತದೆ. ಚೀಫ್ ವಿಟೋ ಹಾಕಬಹುದು; ಅದನ್ನು ಮೀರಲು ಕೌನ್ಸಿಲ್ಲಿಗೆ ಮೂರನೇ ಎರಡು ಭಾಗ ಬೇಕು. ಸಭೆ ನಡೆಸುವುದು ಕೌನ್ಸಿಲ್ಲೇ ಆರಿಸಿಕೊಂಡ ಸ್ಪೀಕರ್. ಮೊದಲು ಡೆಪ್ಯುಟಿ ಚೀಫ್ ಆ ಪೀಠದಲ್ಲಿ ಕೂರುತ್ತಿದ್ದರು. ಅದು ಬದಲಾದದ್ದಕ್ಕೆ ಕಾರಣವಿದೆ.

1997ರ ಬಿಕ್ಕಟ್ಟು ಅರ್ಥವಾದರೆ ಇವತ್ತಿನ ನಿಯಮಗಳಲ್ಲಿ ಮುಕ್ಕಾಲು ಪಾಲು ಏಕೆ ಹೀಗಿವೆ ಎಂದು ತಾನಾಗೇ ತಿಳಿಯುತ್ತದೆ, ಅದಕ್ಕೇ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಆಗ ಜೋ ಬರ್ಡ್ ಚೀಫ್, ಕೌನ್ಸಿಲ್ ಬಲ 15. ಹಣದ ದಾಖಲೆಗಳಿಗಾಗಿ ಬುಡಕಟ್ಟಿನದೇ ಮಾರ್ಷಲ್‌ಗಳು ಕೋರ್ಟಿನ ವಾರಂಟ್ ಹಿಡಿದು ಫೆಬ್ರವರಿಯಲ್ಲಿ ಚೀಫ್ ಕಚೇರಿ ಶೋಧಿಸಿದರು. ಚೀಫ್ ಮಾರ್ಷಲ್‌ಗಳನ್ನೇ ಕೆಲಸದಿಂದ ತೆಗೆದರು. ನ್ಯಾಯಮಂಡಳಿ ಅವರನ್ನು ವಾಪಸ್ ತೆಗೆದುಕೊಳ್ಳಿ ಎಂದಿತು. ಮೇ ತಿಂಗಳಲ್ಲಿ ಕೌನ್ಸಿಲ್ಲಿನ ಎಂಟು ಮಂದಿ ಕೂತು ಮೂವರು ನ್ಯಾಯಾಧೀಶರ ಮೇಲೇ ಮಹಾಭಿಯೋಗ ಹೊರಿಸಿದರು. ತೊಂದರೆ ಎಲ್ಲಿತ್ತೆಂದರೆ, 1975ರ ಸಂವಿಧಾನದ ಪ್ರಕಾರ ಕೋರಂಗೆ ಮೂರನೇ ಎರಡು ಭಾಗ, ಅಂದರೆ ಹತ್ತು ಸದಸ್ಯರು ಹಾಜರಿರಬೇಕಿತ್ತು. ಆಮೇಲೆ ಆರು ಸದಸ್ಯರು ಸಭೆಗೇ ಬರುವುದನ್ನು ನಿಲ್ಲಿಸಿದರು. ಉಳಿದವರು ಒಂಬತ್ತು, ಕೌನ್ಸಿಲ್ ಕೂರುವುದೇ ಕಷ್ಟವಾಯಿತು. ನಮ್ಮಲ್ಲಿ ಶಾಸಕರನ್ನು ರೆಸಾರ್ಟಿನಲ್ಲಿ ಕೂಡಿಹಾಕುವುದು ತಲೆ ಎಣಿಕೆ ಹೆಚ್ಚಿಸಲು, ಅಲ್ಲಿ ಮನೆಯಲ್ಲೇ ಉಳಿದದ್ದು ತಲೆ ಎಣಿಕೆ ಕೆಡಿಸಲು. ಕೋರ್ಟು ಆಗ ಇದ್ದದ್ದು ಊರ ನಡುವಿನ ಚೌಕದ ಹಳೆಯ ಇಟ್ಟಿಗೆ ಕ್ಯಾಪಿಟಲ್ ಕಟ್ಟಡದಲ್ಲಿ. ಚೀಫ್ ಕಡೆಯ ಭದ್ರತಾ ಸಿಬ್ಬಂದಿ ಅದನ್ನು ವಶಕ್ಕೆ ತೆಗೆದುಕೊಂಡರು, ಆಗಸ್ಟಿನಲ್ಲಿ ಅದರ ಮೆಟ್ಟಿಲ ಹತ್ತಿರವೇ ಕೈಕೈ ಮಿಲಾಯಿಸಿದರು, ಈ ಬಿಕ್ಕಟ್ಟಿನ ನಡುವೆ ಫೆಡರಲ್ ಬಿಐಎ (ಬುಡಕಟ್ಟು ವ್ಯವಹಾರಗಳ ಇಲಾಖೆ) ಪೊಲೀಸರು ಕಾನೂನು ಸುವ್ಯವಸ್ಥೆ ವಹಿಸಿಕೊಂಡಿದ್ದರು. ಈಗ ಆ ಕಟ್ಟಡ ಮ್ಯೂಸಿಯಂ. ನೋಡಿ ಬನ್ನಿ.

ಅದರ ಪರಿಣಾಮವಾಗಿ 1999ರಲ್ಲಿ ಹೊಸ ಸಂವಿಧಾನ ಬರೆದರು, 2003ರಲ್ಲಿ ಮತದಾರರು ಒಪ್ಪಿದರು. ಸದಸ್ಯಬಲ 17 ಆಯಿತು, ಸ್ಪೀಕರ್ ಬಂದರು, ಸುಪ್ರೀಂ ಕೋರ್ಟ್ ಐದು ನ್ಯಾಯಮೂರ್ತಿಗಳದ್ದಾಯಿತು, ನ್ಯಾಯಾಧೀಶರ ಮೇಲಿನ ದೂರು ವಿಚಾರಿಸಲು ಪ್ರತ್ಯೇಕ ನ್ಯಾಯಪೀಠ ಬಂತು. ಮಾರ್ಷಲ್‌ಗೂ ಅಟಾರ್ನಿ ಜನರಲ್‌ಗೂ ಕೌನ್ಸಿಲ್ ಒಪ್ಪಿಗೆಯ ನೇಮಕ ಮತ್ತು ನಿಶ್ಚಿತ ಅವಧಿ ಸಿಕ್ಕಿತು, ಚೀಫ್ ಮುನಿಸಿಕೊಂಡ ಮಾತ್ರಕ್ಕೆ ಮನೆಗೆ ಕಳಿಸುವಂತಿಲ್ಲ. ಸಂವಿಧಾನ ತಿದ್ದಲು ಫೆಡರಲ್ ಸರ್ಕಾರದ ಅಪ್ಪಣೆ ಬೇಕೆಂಬ ಷರತ್ತನ್ನೂ ಕಿತ್ತುಹಾಕಿದರು. ಹಾಗಾಗಿ ಈಗ ಜಗಳವಾದರೆ ಅದು ಬೀದಿಗಿಂತ ಕೋರ್ಟಿಗೇ ಬೇಗ ಹೋಗುತ್ತದೆ. ಕೋರ್ಟಿಗೆ ಹೋಯಿತು ಎಂಬ ಸುದ್ದಿ ಅಲ್ಲಿ ಒಳ್ಳೆಯ ಸುದ್ದಿ ಅಂತಲೇ ನನ್ನ ಲೆಕ್ಕ.

2011ರದು ಎಣಿಕೆಯ ಜಗಳ. ಆಗಿನ ಚೀಫ್ ಚಾಡ್ ಸ್ಮಿತ್ ಮತ್ತು ಎದುರಾಳಿ ಬಿಲ್ ಜಾನ್ ಬೇಕರ್ ನಡುವೆ. ಮೊದಲ ಲೆಕ್ಕದಲ್ಲಿ ಬೇಕರ್ 11 ಮತದಿಂದ ಮುಂದೆ, ಆಮೇಲಿನದರಲ್ಲಿ ಸ್ಮಿತ್ 7ರಿಂದ, ಮರುಎಣಿಕೆಯಲ್ಲಿ ಮತ್ತೆ ಬೇಕರ್ 266ರಿಂದ. ಫಲಿತಾಂಶವನ್ನು ಖಚಿತವಾಗಿ ಹೇಳಲಾಗದು ಎಂದು ಸುಪ್ರೀಂ ಕೋರ್ಟ್ ಇಡೀ ಚೀಫ್ ಚುನಾವಣೆಯನ್ನೇ ರದ್ದುಮಾಡಿತು. ಸೆಪ್ಟೆಂಬರಿನಲ್ಲಿ ಮರುಚುನಾವಣೆ ನಡೆದು ಬೇಕರ್ ಗೆದ್ದರು. ಅಂಚೆಯಲ್ಲಿ ಬರುವ ಗೈರುಹಾಜರಿ ಮತಗಳು ಬಹಳ, ಅಂತರ ಸಣ್ಣದು. ಲಕೋಟೆಯ ಸಹಿ ಸರಿಯಿಲ್ಲ, ಎಣಿಸುವಾಗ ಕಟ್ಟು ಬಿಟ್ಟುಹೋಯಿತು ಎಂಬ ತಕರಾರುಗಳು ಹುಟ್ಟುವುದು ಅಲ್ಲಿಂದ. ಮರುಎಣಿಕೆ ಕೇಳಲು ಸಿಗುವುದು ಕೆಲವೇ ದಿನ, ಅದಕ್ಕೇ ಜೂನ್ ಚುನಾವಣೆಯ ಮರುವಾರ ಊರು ಗರಂ ಆಗಿರುತ್ತದೆ.

ಇವೆರಡಕ್ಕಿಂತ ಆಳದ ಜಗಳ ಯಾರು ನಾಗರಿಕರು ಎಂಬುದು. ನಾಗರಿಕತ್ವಕ್ಕೆ ಇಷ್ಟು ಪಾಲು ರಕ್ತ ಎಂಬ ಮಿತಿ ಚೆರೊಕೀ ನೇಷನ್‌ನಲ್ಲಿಲ್ಲ. ಡಾಸ್ ರೋಲ್ ಎಂಬ, ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮುಗಿದ ಪಟ್ಟಿಯಲ್ಲಿ ನೇರ ಪೂರ್ವಜರ ಹೆಸರಿರಬೇಕು. ಕಿಟೂವಾ ಬ್ಯಾಂಡಿಗೆ ಕಾಲು ಪಾಲು, ಈಸ್ಟರ್ನ್ ಬ್ಯಾಂಡಿಗೆ ಹದಿನಾರನೇ ಒಂದು ಪಾಲು ಬೇಕು. ಆ ಡಾಸ್ ಪಟ್ಟಿಯಲ್ಲೇ ಫ್ರೀಡ್‌ಮೆನ್ ಎಂಬ ಬೇರೆ ವಿಭಾಗವಿತ್ತು. ಚೆರೊಕೀಗಳು ಗುಲಾಮರಾಗಿ ಇಟ್ಟುಕೊಂಡಿದ್ದ ಕಪ್ಪುಜನರು ಮತ್ತು ಅವರ ಸಂತತಿ ಅದರಲ್ಲಿದ್ದರು. 1866ರ ಒಪ್ಪಂದ ಅವರಿಗೆ ಪೂರ್ಣ ಹಕ್ಕು ಕೊಟ್ಟಿತ್ತು. 2007ರ ಮಾರ್ಚ್‌ನಲ್ಲಿ ಸಂವಿಧಾನ ತಿದ್ದುಪಡಿಗೆ ಮತ ಹಾಕಿ, ಶೇ. 76ಕ್ಕೂ ಹೆಚ್ಚು ಬಹುಮತದಿಂದ ಅವರಲ್ಲಿ ಸುಮಾರು 2,800 ಮಂದಿಯನ್ನು ಹೊರಗಿಟ್ಟರು. 2017ರಲ್ಲಿ ಫೆಡರಲ್ ಕೋರ್ಟು ಅವರ ಪರ ತೀರ್ಪು ಕೊಟ್ಟಿತು, 2021ರ ಫೆಬ್ರವರಿಯಲ್ಲಿ ನೇಷನ್‌ನದೇ ಸುಪ್ರೀಂ ಕೋರ್ಟ್ ಸಂವಿಧಾನದಿಂದ 'ರಕ್ತದ' ಷರತ್ತನ್ನು ಅಳಿಸಿತು. ಕಾನೂನಿನಲ್ಲಿ ಮುಗಿದಿದೆ, ಊಟದ ಟೇಬಲ್ಲಿನಲ್ಲಿ ಮುಗಿದಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇದರ ಬಗ್ಗೆ ಅಭಿಪ್ರಾಯ ಕೇಳಿದರೆ ನಿಮ್ಮ ಪಕ್ಕದಲ್ಲಿ ಕೂತವರು ಯಾವ ಕಡೆಯವರೆಂದು ನಿಮಗೆ ಗೊತ್ತಿರುವುದಿಲ್ಲ ಎಂಬುದು ನೆನಪಿರಲಿ.

ನಿಮ್ಮ ಸಂಬಳದ ಪ್ರಶ್ನೆಗೂ ಇದಕ್ಕೂ ಒಂದು ಕೊಂಡಿಯಿದೆ. 2011ರಲ್ಲಿ ಫ್ರೀಡ್‌ಮೆನ್ ವಿಷಯ ಬಿಗಡಾಯಿಸಿದಾಗ ಫೆಡರಲ್ ವಸತಿ ಇಲಾಖೆ 3.3 ಕೋಟಿ ಡಾಲರ್ ತಡೆಹಿಡಿಯಿತು. ಕೆಲವೇ ದಿನಗಳಲ್ಲಿ ರಾಜಿಯಾಗಿ ಅವರಿಗೆ ಆ ಮರುಚುನಾವಣೆಯಲ್ಲಿ ಮತ ಸಿಕ್ಕಿತು. ಅಂದರೆ ಚೀಫ್ ಮತ್ತು ಕೌನ್ಸಿಲ್ ಜಗಳದಿಂದಷ್ಟೇ ಹಣ ನಿಲ್ಲುವುದಿಲ್ಲ; ವಾಷಿಂಗ್ಟನ್ ಜೊತೆಗಿನ ಒಪ್ಪಂದ ಮುರಿದರೆ ನಿಲ್ಲಬಹುದು. ಆಸ್ಪತ್ರೆಯ ದುಡ್ಡು ಬರುವುದು ಮೂಲನಿವಾಸಿಗಳ ಆರೋಗ್ಯ ನೋಡಿಕೊಳ್ಳುವ ಫೆಡರಲ್ ಇಂಡಿಯನ್ ಹೆಲ್ತ್ ಸರ್ವೀಸ್ (ಐಎಚ್‌ಎಸ್) ಜೊತೆಗಿನ ಕರಾರಿನಿಂದ, ಜೊತೆಗೆ ಮೆಡಿಕೇಡ್, ಮೆಡಿಕೇರ್ ಎಂಬ ಸರ್ಕಾರಿ ವಿಮೆಗಳ ಮತ್ತು ಖಾಸಗಿ ವಿಮೆಯ ಬಿಲ್ಲುಗಳಿಂದ. ಐಎಚ್‌ಎಸ್‌ಗೆ ಈಚಿನ ವರ್ಷಗಳಲ್ಲಿ ಮುಂಗಡ ಅನುದಾನವೂ ಸಿಗುತ್ತಿರುವುದರಿಂದ ಫೆಡರಲ್ ಶಟ್‌ಡೌನ್ ಬಿಸಿ ಮೊದಲಿನಷ್ಟು ತಟ್ಟುವುದಿಲ್ಲ. ಕೌನ್ಸಿಲ್ ಬಜೆಟ್ ವರ್ಷ ಅಕ್ಟೋಬರ್ 1ಕ್ಕೆ ಶುರು, ವರ್ಷದುದ್ದಕ್ಕೂ ಬಜೆಟ್ ತಿದ್ದುಪಡಿಗಳು ಬರುತ್ತಲೇ ಇರುತ್ತವೆ. ಅದು ಬಿಕ್ಕಟ್ಟಲ್ಲ, ಮಾಮೂಲಿ.

ಸಹಿ ಹಾಕುವ ಮುಂಚೆ ಕರಾರಿನಲ್ಲಿ ನೋಡಬೇಕಾದ್ದು ಬೇರೆ. ವಿವಾದವಾದರೆ ಯಾವ ಕೋರ್ಟು ಎಂಬ ಕಲಮು ಹುಡುಕಿ. ಬಹುತೇಕ ಬುಡಕಟ್ಟಿನ ಕೋರ್ಟೇ ಇರುತ್ತದೆ. ಫೆಡರಲ್ ಉದ್ಯೋಗ ತಾರತಮ್ಯ ಕಾಯ್ದೆಯ ಟೈಟಲ್ 7ರಲ್ಲಿ 'ಉದ್ಯೋಗದಾತ' ಎಂಬ ವ್ಯಾಖ್ಯೆಯಿಂದಲೇ ಬುಡಕಟ್ಟುಗಳನ್ನು ಕೈಬಿಟ್ಟಿದ್ದಾರೆ, ಜೊತೆಗೆ ಸಾರ್ವಭೌಮ ವಿನಾಯಿತಿ ಇದೆ, ಅಂದರೆ ಒಪ್ಪಿಗೆಯಿಲ್ಲದೆ ಬುಡಕಟ್ಟಿನ ಸರ್ಕಾರದ ಮೇಲೆ ದಾವೆ ಹೂಡುವಂತಿಲ್ಲ. ಹೊರಗಿನ ವಕೀಲರನ್ನು ಹಿಡಿದು ರಾಜ್ಯದ ಕೋರ್ಟಿಗೆ ಹೋಗುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆದ್ದರಿಂದ ಒಳಗಿನ ಕುಂದುಕೊರತೆ ಪ್ರಕ್ರಿಯೆಯ ಗಡುವುಗಳನ್ನು ಮೊದಲ ವಾರವೇ ಎಚ್‌ಆರ್‌ನಿಂದ ಬರಹದಲ್ಲಿ ಪಡೆದುಕೊಳ್ಳಿ. ಹಣಕಾಸಿನ ಭರವಸೆಗಳೆಲ್ಲ ಕರಾರಿನಲ್ಲೇ ಇರಲಿ, ಬಾಯಿಮಾತು ಬೇಡ. ಬಡ್ತಿ, ನೇಮಕಾತಿಯಲ್ಲಿ ನಾಗರಿಕರಿಗೆ ಆದ್ಯತೆ ಕೊಡುವುದು ಕಾನೂನುಬದ್ಧ, ಅದನ್ನು ಅನ್ಯಾಯ ಎಂದುಕೊಳ್ಳಬೇಡಿ. ಲಾಭದ ಕಡೆಯೂ ಇದೆ: ಯಾವುದೇ ಒಂದು ಅಮೆರಿಕನ್ ರಾಜ್ಯದ ಲೈಸೆನ್ಸ್ ಇದ್ದರೆ ಬುಡಕಟ್ಟಿನ ಆರೋಗ್ಯ ಸೇವೆಯ ಕೆಲಸಕ್ಕೆ ಸಾಕು, ಮತ್ತು ಆ ಸೇವೆಯ ವ್ಯಾಪ್ತಿಯಲ್ಲಿ ಮಾಡಿದ ಚಿಕಿತ್ಸೆಗೆ ಮಾಲ್‌ಪ್ರಾಕ್ಟಿಸ್ ರಕ್ಷಣೆ ಫೆಡರಲ್ ಕಾಯ್ದೆಯಡಿ ಬರುತ್ತದೆ. ಹೊರಗೆ ಮೂನ್‌ಲೈಟಿಂಗ್ ಮಾಡಿದರೆ ಅದಕ್ಕೆ ಇವೆರಡೂ ಇಲ್ಲ. ವೀಸಾ ಕಟ್ಟುಪಾಡಿನಲ್ಲಿ ಅದು ಸಾಧ್ಯವೇ ಎಂಬುದನ್ನು ಇಮಿಗ್ರೇಶನ್ ವಕೀಲರ ಹತ್ತಿರವೇ ಕೇಳಿ.

ಈಗ ಯಾರ ಕಾನೂನು ಎಂಬುದು. 2020ರ ಮೆಕ್‌ಗರ್ಟ್ ತೀರ್ಪು ಕ್ರೀಕ್ ನೇಷನ್ ಬಗ್ಗೆ (ಆ ಬುಡಕಟ್ಟಿನ ರಿಸರ್ವೇಶನ್ ಎಂದೂ ರದ್ದಾಗಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು), 2021ರ ಮಾರ್ಚ್‌ನಲ್ಲಿ ಒಕ್ಲಹೋಮಾ ಕೋರ್ಟು ಅದೇ ತರ್ಕವನ್ನು ಚೆರೊಕೀ ರಿಸರ್ವೇಶನ್ನಿಗೂ ಅನ್ವಯಿಸಿತು. ಹದಿನಾಲ್ಕು ಕೌಂಟಿಗಳಲ್ಲಿ, ಕೆಲವು ಪೂರ್ತಿ, ಕೆಲವು ಭಾಗಶಃ, ಅದು ಹರಡಿದೆ. ಬುಡಕಟ್ಟಿನ ನಾಗರಿಕರು ಆರೋಪಿಗಳಾದ ಅಪರಾಧ ಪ್ರಕರಣ ಬುಡಕಟ್ಟಿಗೋ ಫೆಡರಲ್ ಸರ್ಕಾರಕ್ಕೋ ಹೋಗುತ್ತದೆ. ಕಾನೂನಿನ ಲೆಕ್ಕದಲ್ಲಿ ನೀವು 'ನಾನ್-ಇಂಡಿಯನ್'. ನಿಮ್ಮನ್ನು ವೇಗಕ್ಕೆ ಹಿಡಿದವರು ಚೆರೊಕೀ ಮಾರ್ಷಲ್ ಆಗಿದ್ದರೂ, ಪರಸ್ಪರ ಅಧಿಕಾರದ ಒಪ್ಪಂದವಿರುವುದರಿಂದ ಟಿಕೆಟ್ ಹೋಗುವುದು ರಾಜ್ಯದ ಅಥವಾ ನಗರದ ಕೋರ್ಟಿಗೆ. ಬುಡಕಟ್ಟಿನ ಕೋರ್ಟಿಗೆ ಹೊರಗಿನವರ ಮೇಲೆ ಕ್ರಿಮಿನಲ್ ಅಧಿಕಾರ ಸಾಮಾನ್ಯವಾಗಿ ಇಲ್ಲ, ಕೌಟುಂಬಿಕ ಹಿಂಸೆಯಂಥ ಕೆಲವನ್ನು ಬಿಟ್ಟು. ಗಾಡಿಯ ನಂಬರ್ ಪ್ಲೇಟ್, ಡ್ರೈವಿಂಗ್ ಲೈಸೆನ್ಸ್, ಆದಾಯ ತೆರಿಗೆ ಎಲ್ಲ ಬೇರೆ ಒಕ್ಲಹೋಮಾ ನಿವಾಸಿಗಳ ಹಾಗೇ. ಈ ಮೆಕ್‌ಗರ್ಟ್ ವಿಷಯದಲ್ಲಿ ಬುಡಕಟ್ಟುಗಳ ಜೊತೆ ಅತಿ ಹೆಚ್ಚು ಕಾದಾಡಿದ ಗವರ್ನರ್ ಕೆವಿನ್ ಸ್ಟಿಟ್ ಸ್ವತಃ ಚೆರೊಕೀ ನೇಷನ್ ನಾಗರಿಕ ಎಂಬುದನ್ನು ತಿಳಿದರೆ, ಅಲ್ಲಿ 'ನಮ್ಮವರು, ಹೊರಗಿನವರು' ಗೆರೆ ಎಷ್ಟು ಸಿಕ್ಕುಸಿಕ್ಕಾಗಿದೆ ಎಂದು ಗೊತ್ತಾಗುತ್ತದೆ.

ಆಸ್ಪತ್ರೆಯ ಫಾರಂಗಳಲ್ಲಿ ಜನಾಂಗದ ಕಾಲಂ ಬಂದಾಗ ನೀವು ಗುರುತು ಹಾಕಬೇಕಾದ್ದು 'ಏಷ್ಯನ್'. 'ಅಮೆರಿಕನ್ ಇಂಡಿಯನ್' ಮೇಲೆ ಕೈತಪ್ಪಿ ಟಿಕ್ ಹಾಕಿದರೆ ಆದ್ಯತೆಯ ನೇಮಕಾತಿಯ ದಾಖಲೆಗಳಲ್ಲಿ ಅನಗತ್ಯ ಪೇಚು.

ಕೌನ್ಸಿಲ್ ನಡೆಯುವುದು ತಿಂಗಳಿಗೊಮ್ಮೆ, ಡಬ್ಲ್ಯು.ಡಬ್ಲ್ಯು. ಕೀಲರ್ ಕಾಂಪ್ಲೆಕ್ಸಿನಲ್ಲಿ, ಆನ್‌ಲೈನಿನಲ್ಲೂ ನೋಡಬಹುದು. ಆದರೆ ಅಸಲಿ ಚರ್ಚೆ ಅದಕ್ಕೂ ಮುಂಚಿನ ಸಮಿತಿಗಳಲ್ಲಿ ಆಗುತ್ತದೆ, ಆರೋಗ್ಯ ಸಮಿತಿ ನಿಮಗೆ ಸಂಬಂಧಪಟ್ಟದ್ದು. ಕಾರ್ಯಸೂಚಿಯಲ್ಲಿ 'ಎಲ್‌ಎ' ಎಂದು ಶುರುವಾಗುವ ಸಂಖ್ಯೆ ಇದ್ದರೆ ಅದು ಕಾನೂನು, 'ಆರ್' ಇದ್ದರೆ ನಿರ್ಣಯ ಮಾತ್ರ. ಅರ್ಧ ಸುದ್ದಿ ಗದ್ದಲವಾಗುವುದು ನಿರ್ಣಯವನ್ನು ಕಾನೂನೆಂದು ಓದುವುದರಿಂದ. ಓದಲು 1828ರಲ್ಲಿ ಶುರುವಾದ ಚೆರೊಕೀ ಫೀನಿಕ್ಸ್ ಪತ್ರಿಕೆ ಇದೆ, ಅದರ ಸ್ವಾತಂತ್ರ್ಯಕ್ಕೆ ಬುಡಕಟ್ಟೇ 2000ದಲ್ಲಿ ಕಾಯ್ದೆ ಮಾಡಿದೆ. ಈಸ್ಟರ್ನ್ ಬ್ಯಾಂಡಿನದಕ್ಕೆ ಒನ್ ಫೆದರ್. ಫೇಸ್‌ಬುಕ್ ಗುಂಪುಗಳಲ್ಲಿ ಬರುವುದನ್ನು ಈ ಎರಡರಲ್ಲಿ ಹುಡುಕಿ ನೋಡಿದ ಮೇಲೆ ನಂಬಿ.

ಇನ್ನೊಂದು ಮಾತು. ಊರು ಸಣ್ಣದು, ನಿಮ್ಮ ಕ್ಲಿನಿಕ್ಕಿಗೆ ಕೌನ್ಸಿಲರ್, ಅವರ ಎದುರಾಳಿ, ಎದುರಾಳಿಯ ತಾಯಿ ಮೂವರೂ ಬರುತ್ತಾರೆ. ಜೂನ್ ಹತ್ತಿರ ಬಂದಾಗ ಅಂಗಳದಲ್ಲಿ ಬೋರ್ಡು ನೆಡಲು, ಊಟದ ಚೀಟಿ ಕೊಳ್ಳಲು ಯಾರಾದರೂ ಕೇಳುವುದು ಖಚಿತ. ಕೆಲಸದ ವೀಸಾದ ಮೇಲಿರುವವರು ಅದಕ್ಕೆ ಹಣ ಕೊಡದಿರುವುದು ಕ್ಷೇಮ. ಕ್ಲಿನಿಕ್ಕಿನ ಹೆಸರಲ್ಲಂತೂ ಒಂದು ಡಾಲರೂ ಬೇಡ. ಒತ್ತಾಯ ಬಂದರೆ 'ಎಲೆಕ್ಷನ್ ಕಮಿಷನ್ನಿಗೆ ಫೋನ್ ಮಾಡಿ ಕೇಳಿ ಹೇಳ್ತೀನಿ' ಅನ್ನಿ. ಆಮೇಲೆ ಯಾರೂ ಎರಡನೇ ಸಲ ಕೇಳುವುದಿಲ್ಲ.