ಓದುಗರ ಪ್ರಶ್ನೆ: ಫೋಟೋಶಾಪ್‌ನಲ್ಲಿ ಪ್ಲಗ್‌ಇನ್ ಕೈಕೊಟ್ಟಾಗ

ಫೋಟೋ ತಿದ್ದುವ ತಂತ್ರಾಂಶಗಳ ಬಗ್ಗೆ ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಪ್ಲಗ್‌ಇನ್‌ಗಳ ದೂರನ್ನೇ ಹೊತ್ತು ಬಂದಿವೆ. ಮೂಲ ತಂತ್ರಾಂಶದಲ್ಲಿ ಇಲ್ಲದ ಒಂದು ಸೌಲಭ್ಯವನ್ನು ಬೇರೊಬ್ಬರು ಬರೆದು, ಅದರೊಳಗೆ ಸೇರಿಸಿಕೊಳ್ಳುವಂತೆ ಕೊಟ್ಟಿರುವ ಪುಟ್ಟ ಪ್ರೋಗ್ರಾಮೇ ಪ್ಲಗ್‌ಇನ್. ಅದನ್ನು ಬರೆದವರು ಬೇರೆ, ಅದಕ್ಕೆ ಜಾಗ ಕೊಟ್ಟವರು ಬೇರೆ ಆಗಿರುವುದರಿಂದ, ದೋಷ ಯಾರ ಕಡೆಯದೆಂದು ಮೊದಲು ಗೊತ್ತುಮಾಡಿಕೊಳ್ಳದೆ ಎಲ್ಲವನ್ನೂ ಅಳಿಸಿ ಮತ್ತೆ ಹಾಕಿಕೊಂಡರೆ ಅರ್ಧ ದಿನ ಹೋಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ. ಪತ್ರಗಳಲ್ಲಿ ಆರನ್ನು ಆಯ್ದುಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಮದುವೆ ಫೋಟೋಗ್ರಾಫರ್. ಹತ್ತು ವರ್ಷ ಬಳಸಿದ ಕಂಪ್ಯೂಟರನ್ನು ಬದಲಾಯಿಸಿ, ಹೊಸದರಲ್ಲಿ ಫೋಟೋಶಾಪ್‌ನ ಈಗಿನ ಆವೃತ್ತಿಯನ್ನು ಹಾಕಿಕೊಂಡಿದ್ದೇನೆ. ಹಳೆಯದರಲ್ಲಿ ಸಿಎಸ್6 ಜೊತೆಗೆ ಬಳಸುತ್ತಿದ್ದ ನಿಕ್ ಕಲೆಕ್ಷನ್ ಮತ್ತು ಇನ್ನೆರಡು ಪ್ಲಗ್‌ಇನ್‌ಗಳ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದರೆ ಫಿಲ್ಟರ್ ಮೆನುವಿನಲ್ಲಿ ಒಂದೂ ಕಾಣುವುದಿಲ್ಲ. ಫೋಟೋಶಾಪನ್ನು ಎರಡು ಸಲ ಅಳಿಸಿ ಹಾಕಿದ್ದಾಯಿತು. ಆಲ್ಬಂ ಕೆಲಸವೆಲ್ಲ ನಿಂತಿದೆ.
— ಛಾಯಾಗ್ರಾಹಕರು, ತಿಪಟೂರು

ಉತ್ತರ: ದಯವಿಟ್ಟು ಮೂರನೆಯ ಸಲ ಅಳಿಸಬೇಡಿ, ಫೋಟೋಶಾಪ್‌ನಲ್ಲಿ ತಪ್ಪಿರುವಂತೆ ಕಾಣುವುದಿಲ್ಲ. ಹೆಲ್ಪ್ ಮೆನುವಿನಲ್ಲಿ ‘ಸಿಸ್ಟಂ ಇನ್ಫೋ’ ಎಂಬುದನ್ನು ತೆರೆದು, ಉದ್ದನೆಯ ಆ ಪಟ್ಟಿಯ ಕೊನೆಯವರೆಗೂ ಇಳಿಯಿರಿ. ಅಲ್ಲಿ ಲೋಡ್ ಆದ ಪ್ಲಗ್‌ಇನ್‌ಗಳ ಹೆಸರುಗಳು ಒಂದು ಕಡೆ, ‘ಪ್ಲಗ್‌ಇನ್ಸ್ ದಟ್ ಫೇಲ್ಡ್ ಟು ಲೋಡ್’ ಎಂಬ ತಲೆಬರಹದ ಕೆಳಗೆ ಲೋಡ್ ಆಗದವುಗಳ ಹೆಸರುಗಳು ಇನ್ನೊಂದು ಕಡೆ ಇರುತ್ತವೆ. ನಿಮ್ಮ ಪ್ಲಗ್‌ಇನ್ ಈ ಎರಡನೆಯ ಗುಂಪಿನಲ್ಲಿದ್ದರೆ ಫೋಟೋಶಾಪ್ ಅದನ್ನು ಕಂಡಿದೆ, ಆದರೆ ಒಳಗೆ ಬಿಟ್ಟುಕೊಂಡಿಲ್ಲ ಎಂದು ಅರ್ಥ. ಎರಡರಲ್ಲೂ ಇಲ್ಲದಿದ್ದರೆ ಅದು ಕಂಡೇ ಇಲ್ಲ, ಅಂದರೆ ನೀವು ಹಾಕಿದ ಜಾಗವೇ ಸರಿಯಿಲ್ಲ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಕಂಡೂ ಒಳಗೆ ಬಿಡದಿರುವುದಕ್ಕೆ ಹಳೆಯ ಕಂಪ್ಯೂಟರಿನಿಂದ ಬಂದವರಲ್ಲಿ ಸಾಮಾನ್ಯ ಕಾರಣವೆಂದರೆ 32 ಬಿಟ್ ಮತ್ತು 64 ಬಿಟ್‌ಗಳ ಹೊಂದಾಣಿಕೆ ಇಲ್ಲದಿರುವುದು. ಪ್ರೋಗ್ರಾಮು ಒಂದು ಸಲಕ್ಕೆ ನಿಭಾಯಿಸುವ ಮಾಹಿತಿಯ ಅಳತೆ ಇದು. 2012ರಲ್ಲಿ ಬಂದ ಸಿಎಸ್6, 64 ಬಿಟ್ ವಿಂಡೋಸ್‌ನಲ್ಲಿ ತನ್ನ ಎರಡೂ ರೂಪಗಳನ್ನು ಒಟ್ಟಿಗೇ ಹಾಕಿಬಿಡುತ್ತಿತ್ತು. ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನಲ್ಲಿ 64 ಬಿಟ್ಟಿನದು, ಹೆಸರಿನ ಕೊನೆಗೆ ‘ಎಕ್ಸ್86’ ಎಂದಿರುವ ಇನ್ನೊಂದು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ 32 ಬಿಟ್ಟಿನದು. ನೀವು ಪೆನ್‌ಡ್ರೈವಿಗೆ ತುಂಬಿಕೊಂಡಿದ್ದು ಈ ಎರಡನೆಯದರಿಂದ ಆಗಿರುವ ಸಾಧ್ಯತೆ ಇದೆ. 2018ರ ಅಕ್ಟೋಬರಿನಲ್ಲಿ ಬಂದ ಆವೃತ್ತಿಯಿಂದ ಈಚೆಗೆ ವಿಂಡೋಸ್‌ನ ಫೋಟೋಶಾಪ್ 64 ಬಿಟ್ ಮಾತ್ರವಾಗಿದೆ. 32 ಬಿಟ್ ಪ್ಲಗ್‌ಇನ್ ಅದರಲ್ಲಿ ಯಾವ ಉಪಾಯದಿಂದಲೂ ನಡೆಯುವುದಿಲ್ಲ. ಹಳೆಯ ಕಡತಗಳ ಕೊನೆಯಲ್ಲಿ ‘8ಬಿಎಫ್’ ಎಂದಿರುವುದು ಎರಡಕ್ಕೂ ಒಂದೇ ಆದ್ದರಿಂದ ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ.

ಬಿಟ್ಟುಗಳ ಲೆಕ್ಕ ಸರಿಯಿದ್ದರೂ ಫೋಲ್ಡರನ್ನು ನಕಲು ಮಾಡಿ ತರುವುದು ಎಲ್ಲ ಪ್ಲಗ್‌ಇನ್‌ಗಳಿಗೂ ಒಪ್ಪುವ ಮಾತಲ್ಲ. ಒಂದೇ ಕಡತದ ಸಣ್ಣ ಫಿಲ್ಟರ್ ಆದರೆ ನಕಲು ಮಾಡಿದರೂ ನಡೆದೀತು. ನಿಕ್ ಕಲೆಕ್ಷನ್‌ನಂಥ ದೊಡ್ಡವು ಹಾಗಲ್ಲ. ಅವು ತಮ್ಮ ಮುಖ್ಯ ಭಾಗಗಳನ್ನು ಬೇರೆ ಫೋಲ್ಡರುಗಳಲ್ಲಿ, ಪರವಾನಗಿಯ ವಿವರವನ್ನು ಮತ್ತೊಂದು ಕಡೆ ಇಟ್ಟಿರುತ್ತವೆ, ಜೊತೆಗೆ ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಪ್ಲಸ್ ಪ್ಲಸ್ ಕಡತಗಳು ಕಂಪ್ಯೂಟರಿನಲ್ಲಿ ಇರಬೇಕೆಂದು ನಿರೀಕ್ಷಿಸುತ್ತವೆ. ‘ಇಂಥ ಡಿಎಲ್‌ಎಲ್ ಸಿಗಲಿಲ್ಲ’ ಎಂಬ ಸಂದೇಶ ಬಂದರೆ ಆ ಒಂದು ಕಡತವನ್ನು ಸಿಕ್ಕಲ್ಲಿಂದ ಇಳಿಸಿಕೊಳ್ಳದೆ, ಮೈಕ್ರೋಸಾಫ್ಟ್ ಕೊಡುವ ಪೂರ್ತಿ ಪ್ಯಾಕೇಜನ್ನೇ ಹಾಕಿಕೊಳ್ಳಿ.

ಇನ್ನು ನಿಕ್ ವಿಷಯ. 2012ರಲ್ಲಿ ಗೂಗಲ್ ಅದನ್ನು ತಯಾರಿಸುತ್ತಿದ್ದ ಕಂಪನಿಯನ್ನು ಕೊಂಡು, 2016ರ ಮಾರ್ಚಿನಲ್ಲಿ ಪ್ಲಗ್‌ಇನ್‌ಗಳನ್ನು ಉಚಿತವಾಗಿ ಬಿಟ್ಟಿತು. ನಮ್ಮ ಅನೇಕ ಸ್ಟುಡಿಯೋಗಳಿಗೆ ಅವು ಬಂದದ್ದು ಆಗಲೇ. 2017ರ ಅಕ್ಟೋಬರಿನಲ್ಲಿ ಅವುಗಳನ್ನು ಫ್ರಾನ್ಸಿನ ಡಿಎಕ್ಸ್‌ಒ ಸಂಸ್ಥೆ ಕೊಂಡಿತು, ಮರುವರ್ಷದಿಂದ ಅದೇ ಹೆಸರಿನಲ್ಲಿ ಹಣಕ್ಕೆ ಮಾರುತ್ತಿದೆ. ಗೂಗಲ್ ಕಾಲದ ಉಚಿತ ಆವೃತ್ತಿಗೆ ಅಂದಿನಿಂದ ದುರಸ್ತಿ ಇಲ್ಲ. ಅದು ಹೊಸ ಫೋಟೋಶಾಪ್‌ನಲ್ಲಿ ಇವತ್ತು ನಡೆದರೂ ನಾಳೆ ನಿಲ್ಲಬಹುದು. ನನ್ನ ಸಲಹೆ ಕೇಳಿದರೆ, ಡಿಎಕ್ಸ್‌ಒ ಆವೃತ್ತಿಯನ್ನು ಪರೀಕ್ಷಾ ಅವಧಿಗೆ ಹಾಕಿ ನೋಡಿ, ನಿಮಗೆ ಬೇಕಾದ್ದು ಅದರಲ್ಲಿ ಎರಡು ಮೂರು ಫಿಲ್ಟರ್ ಮಾತ್ರವಾದರೆ ಅವುಗಳ ಕೆಲಸವನ್ನು ಫೋಟೋಶಾಪ್‌ನಲ್ಲೇ ಇರುವ ಕ್ಯಾಮೆರಾ ರಾ ಫಿಲ್ಟರಿನಿಂದ ಮಾಡಿಕೊಳ್ಳಲು ಆಗುತ್ತದೆಯೇ ಎಂದು ನೋಡಿ, ಆಮೇಲೆ ಹಣ ಹಾಕಿ. ಅಲ್ಲಿಯವರೆಗೆ, ಹಳೆಯ ಕಂಪ್ಯೂಟರನ್ನು ಇನ್ನೂ ಮಾರಿಲ್ಲವಾದರೆ, ಕೈಯಲ್ಲಿರುವ ಆಲ್ಬಂಗಳನ್ನು ಅದರಲ್ಲೇ ಮುಗಿಸಿಕೊಡಿ. ಮುಹೂರ್ತಗಳು ಹತ್ತಿರ ಇರುವಾಗ ಕೆಲಸದ ಕಂಪ್ಯೂಟರಿನ ಮೇಲೆ ಪ್ರಯೋಗ ಮಾಡುವುದು ಸಲ್ಲ.

ಪ್ರಶ್ನೆ: ನಮ್ಮದು ಮುದ್ರಣಾಲಯ. ಲಗ್ನಪತ್ರಿಕೆ ಮತ್ತು ಕರಪತ್ರಗಳ ವಿನ್ಯಾಸದಲ್ಲಿ ಫಿಲ್ಟರ್ ಗ್ಯಾಲರಿ ಮತ್ತು ಕೆಲವು ಹೊರಗಿನ ಪ್ಲಗ್‌ಇನ್‌ಗಳು ಒಂದು ಕಡತದಲ್ಲಿ ಕೆಲಸ ಮಾಡುತ್ತವೆ, ಇನ್ನೊಂದರಲ್ಲಿ ಮಸುಕಾಗಿ ಕಾಣುತ್ತವೆ, ಒತ್ತಿದರೂ ತೆರೆಯುವುದಿಲ್ಲ. ಪ್ಲಗ್‌ಇನ್ ಹಾಳಾಗಿದೆಯೇ?
— ವಿನ್ಯಾಸಕಾರರು, ಗದಗ

ಉತ್ತರ: ಹಾಳಾಗಿಲ್ಲ. ತೆರೆದ ಚಿತ್ರದ ಮೇಲ್ತುದಿಯ ಪಟ್ಟಿಯಲ್ಲಿ ಕಡತದ ಹೆಸರಿನ ಪಕ್ಕಕ್ಕೆ ಕಣ್ಣು ಹಾಯಿಸಿ. ಒಂದರಲ್ಲಿ ‘ಆರ್‌ಜಿಬಿ/8’ ಎಂದೂ, ಮಸುಕಾಗುವ ಕಡತದಲ್ಲಿ ‘ಸಿಎಂವೈಕೆ/8’ ಅಥವಾ ‘ಆರ್‌ಜಿಬಿ/16’ ಎಂದೂ ಇರುತ್ತದೆ. ಆರ್‌ಜಿಬಿ ಎಂದರೆ ಪರದೆಯ ಕೆಂಪು, ಹಸಿರು, ನೀಲಿ ಬಣ್ಣಗಳ ಲೆಕ್ಕ, ಸಿಎಂವೈಕೆ ಎಂದರೆ ಮುದ್ರಣದ ನಾಲ್ಕು ಶಾಯಿಗಳ ಲೆಕ್ಕ; ಪಕ್ಕದ ಅಂಕಿ ಒಂದೊಂದು ಬಣ್ಣಕ್ಕೆ ಎಷ್ಟು ಬಿಟ್ ಎಂಬುದು. ಫಿಲ್ಟರ್ ಗ್ಯಾಲರಿ ಕೆಲಸ ಮಾಡುವುದು 8 ಬಿಟ್ಟಿನ ಚಿತ್ರದ ಮೇಲೆ ಮಾತ್ರ, ಸಿಎಂವೈಕೆಯಲ್ಲಿ ಅದು ತೆರೆಯುವುದೇ ಇಲ್ಲ. ಹೊರಗಿನ ಪ್ಲಗ್‌ಇನ್‌ಗಳಲ್ಲಿಯೂ ಬಹಳಷ್ಟು ಆರ್‌ಜಿಬಿಯನ್ನೇ ಕೇಳುತ್ತವೆ. ಇಂಡೆಕ್ಸ್‌ಡ್ ಕಲರ್ ಇರುವ ಜಿಫ್ ಚಿತ್ರಗಳಲ್ಲಂತೂ ಒಂದು ಫಿಲ್ಟರೂ ಸಿಗುವುದಿಲ್ಲ. ಲೇಯರ್ ಪಟ್ಟಿಯಲ್ಲಿ ಕಣ್ಣಿನ ಗುರುತು ಆರಿದ ಲೇಯರನ್ನು ಆರಿಸಿಕೊಂಡಿದ್ದರೂ ಫಿಲ್ಟರ್ ನಡೆಯುವುದಿಲ್ಲ.

ಪರಿಹಾರ ಇಮೇಜ್ ಮೆನುವಿನ ‘ಮೋಡ್’ನಲ್ಲಿದೆ ಎಂದು ಹೇಳಿ ಮುಗಿಸಬಹುದಿತ್ತು, ಆದರೆ ಮುದ್ರಣದವರಿಗೆ ಇಷ್ಟೇ ಹೇಳುವುದು ಅಪಾಯ. ಫಿಲ್ಟರಿಗಾಗಿ ಸಿಎಂವೈಕೆಯಿಂದ ಆರ್‌ಜಿಬಿಗೆ, ಮತ್ತೆ ಸಿಎಂವೈಕೆಗೆ ಎಂದು ಹಿಂದೆ ಮುಂದೆ ಓಡಾಡಿದರೆ ಪ್ರತಿ ಸಲವೂ ಬಣ್ಣದ ಬೆಲೆಗಳು ಹೊಸದಾಗಿ ಲೆಕ್ಕವಾಗುತ್ತವೆ. ಕಪ್ಪು ಶಾಯಿ ಒಂದರಲ್ಲೇ ಇದ್ದ ಅಕ್ಷರ ನಾಲ್ಕೂ ಬಣ್ಣಗಳಿಗೆ ಹಂಚಿಹೋಗಿ, ಮುದ್ರಣದಲ್ಲಿ ಒಂದು ಪ್ಲೇಟ್ ಕೂದಲೆಳೆಯಷ್ಟು ಜರುಗಿದರೂ ಅಂಚಿನಲ್ಲಿ ಬಣ್ಣದ ನೆರಳು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಫೋಟೋದ ಕೆಲಸವನ್ನೆಲ್ಲ ಆರ್‌ಜಿಬಿ ಕಡತದಲ್ಲಿ ಮುಗಿಸಿ, ಅದರ ಒಂದು ಪ್ರತಿಯನ್ನು ಕೊನೆಗೆ ಒಂದೇ ಸಲ ಸಿಎಂವೈಕೆಗೆ ಪರಿವರ್ತಿಸಿ, ಅಕ್ಷರಗಳನ್ನು ಆಮೇಲೆ ಕೂರಿಸಿ.

ಪ್ರಶ್ನೆ: ಒಂದು ಪ್ಲಗ್‌ಇನ್ ತೆರೆದ ಕೂಡಲೇ ಯಾವ ಸಂದೇಶವನ್ನೂ ತೋರಿಸದೆ ಫೋಟೋಶಾಪ್ ಮುಚ್ಚಿಹೋಗುತ್ತದೆ, ಸೇವ್ ಮಾಡದ ಕೆಲಸವೂ ಹೋಗುತ್ತದೆ. ಯಾವುದರಿಂದ ಹೀಗಾಗುತ್ತಿದೆ ಎಂದು ಕಂಡುಹಿಡಿಯುವುದು ಹೇಗೆ?
— ದೃಶ್ಯಕಲಾ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಇಂಥ ಫಿಲ್ಟರ್ ಪ್ಲಗ್‌ಇನ್ ಫೋಟೋಶಾಪ್‌ನ ಒಳಗೇ, ಅದರದೇ ಮೆಮೊರಿಯಲ್ಲಿ ನಡೆಯುತ್ತದೆ. ಆದ್ದರಿಂದ ಅದು ಎಡವಿದರೆ ಇಡೀ ಫೋಟೋಶಾಪನ್ನೂ ಜೊತೆಗೆ ಬೀಳಿಸುತ್ತದೆ. ಮೊದಲು ಮಾಡಬೇಕಾದದ್ದು ಇದು: ಫೋಟೋಶಾಪ್ ಶುರುವಾಗುತ್ತಿರುವಾಗಲೇ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿಯಿರಿ. ಹೊರಗಿನ ಪ್ಲಗ್‌ಇನ್‌ಗಳನ್ನು ಬಿಟ್ಟು ತೆರೆಯಬೇಕೆ ಎಂದು ಅದು ಕೇಳುತ್ತದೆ; ಹೌದು ಎನ್ನಿ. ಹಾಗೆ ತೆರೆದು ಎಂದಿನ ಕೆಲಸ ಮಾಡಿದಾಗಲೂ ಬಿದ್ದುಹೋದರೆ ದೋಷ ಪ್ಲಗ್‌ಇನ್‌ಗಳದಲ್ಲ. ಬೀಳದಿದ್ದರೆ ಅವುಗಳಲ್ಲೇ ಒಂದರದು, ಮತ್ತು ಅದು ನೀವು ತೆರೆದದ್ದೇ ಆಗಿರಬೇಕೆಂದಿಲ್ಲ, ಏಕೆಂದರೆ ಒಂದು ಪ್ಲಗ್‌ಇನ್ ಕೆಡಿಸಿದ್ದು ಇನ್ನೊಂದು ತೆರೆದಾಗ ಹೊರಬೀಳುವುದೂ ಉಂಟು.

ಹಾಗಾದರೆ ಪ್ಲಗ್‌ಇನ್‌ಗಳ ಫೋಲ್ಡರಿಗೆ ಹೋಗಿ, ಅರ್ಧದಷ್ಟರ ಹೆಸರಿನ ಆರಂಭಕ್ಕೆ ಟಿಲ್ಡೆ, ಅಂದರೆ ಕೀಬೋರ್ಡಿನ ಎಡ ಮೇಲ್ಮೂಲೆಯಲ್ಲಿರುವ ಅಲೆಯಾಕಾರದ ಗೆರೆಯನ್ನು ಸೇರಿಸಿ. ಆ ಗುರುತು ಮುಂದಿರುವ ಕಡತವನ್ನಾಗಲಿ ಫೋಲ್ಡರನ್ನಾಗಲಿ ಫೋಟೋಶಾಪ್ ಲೋಡ್ ಮಾಡುವುದಿಲ್ಲ. ಏನನ್ನೂ ಅಳಿಸಬೇಕಾಗಿಲ್ಲ, ಪರವಾನಗಿಯೂ ಕಳೆದುಹೋಗುವುದಿಲ್ಲ. ಉಳಿದರ್ಧದೊಂದಿಗೆ ತೆರೆದು ನೋಡಿ, ದೋಷ ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಎರಡು ಭಾಗ ಮಾಡುತ್ತಾ ಹೋದರೆ, 16 ಪ್ಲಗ್‌ಇನ್‌ಗಳಿದ್ದರೂ ನಾಲ್ಕೇ ಪರೀಕ್ಷೆಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತೀರಿ. ವಿಂಡೋಸ್‌ನ ‘ರಿಲಯಬಿಲಿಟಿ ಹಿಸ್ಟರಿ’ಯಲ್ಲಿ ಆ ದಿನದ ಕೆಂಪು ಗುರುತನ್ನು ತೆರೆದರೂ ಬಿದ್ದುಹೋದಾಗ ನಡೆಯುತ್ತಿದ್ದ ಕಡತದ ಹೆಸರು ‘ಫಾಲ್ಟ್ ಮಾಡ್ಯೂಲ್’ ಎಂಬ ಸಾಲಿನಲ್ಲಿ ಸಿಗುತ್ತದೆ.

ಆ ಸಾಲಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಹೆಸರು ಕಂಡರೆ ದಾರಿ ಬೇರೆ. ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಗ್ರಾಫಿಕ್ಸ್ ಪ್ರೊಸೆಸರಿನ ಬಳಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಪರೀಕ್ಷಿಸಿ, ಆಗ ಸರಿಹೋದರೆ ಕಾರ್ಡ್ ತಯಾರಿಸಿದ ಕಂಪನಿಯಿಂದಲೇ ಹೊಸ ಡ್ರೈವರ್ ಹಾಕಿಕೊಳ್ಳಿ. ಅದೇ ಪುಟದಲ್ಲಿ ಮೆಮೊರಿಯ ಅಳತೆಯನ್ನೂ ನೋಡಿ. ಫೋಟೋಶಾಪ್ ತಾನಾಗಿ ಶೇ. 70ರಷ್ಟನ್ನು ತೆಗೆದುಕೊಳ್ಳುವಂತೆ ಹೊಂದಿಸಿರುತ್ತದೆ. ವೇಗ ಹೆಚ್ಚಲೆಂದು ಅದನ್ನು 95ಕ್ಕೆ ಏರಿಸಿದವರ ಕಂಪ್ಯೂಟರಿನಲ್ಲಿ ಪ್ಲಗ್‌ಇನ್‌ಗಳಿಗೂ ವಿಂಡೋಸ್‌ಗೂ ಉಸಿರಾಡಲು ಜಾಗ ಉಳಿಯುವುದಿಲ್ಲ.

ಪ್ರಶ್ನೆ: ಶಾಲೆಯ ಕಂಪ್ಯೂಟರುಗಳಲ್ಲಿ ಲಿನಕ್ಸ್ ಮತ್ತು ಫೋಟೋ ತಿದ್ದುವ ಗಿಂಪ್ ತಂತ್ರಾಂಶ ಬಳಸುತ್ತೇವೆ. ಗಿಂಪ್ 3ಕ್ಕೆ ಬದಲಾದ ಮೇಲೆ ಹಳೆಯ ಪ್ಲಗ್‌ಇನ್‌ಗಳು ಮಾಯವಾಗಿವೆ. ಮಕ್ಕಳಿಗೆ ಏನು ಹೇಳಲಿ?
— ಶಿಕ್ಷಕರು, ಧಾರವಾಡ

ಉತ್ತರ: 2025ರ ಮಾರ್ಚಿನಲ್ಲಿ ಬಂದ ಗಿಂಪ್ 3.0, ಪ್ಲಗ್‌ಇನ್‌ಗಳು ಮಾತಾಡಬೇಕಾದ ಭಾಷೆಯನ್ನೇ ಬದಲಿಸಿದೆ. ಗಿಂಪ್ 2.10ರ ಕಾಲದ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ಲಗ್‌ಇನ್‌ಗಳು ಪೈಥಾನ್ 2ರಲ್ಲಿ ಬರೆದವು. ಆ ಪೈಥಾನ್‌ಗೆ 2020ರಲ್ಲೇ ಬೆಂಬಲ ನಿಂತಿತು. ಈಗ ಬೇಕಾದ್ದು ಪೈಥಾನ್ 3ರಲ್ಲಿ ಗಿಂಪ್ 3ಕ್ಕೆಂದೇ ಹೊಸದಾಗಿ ಬರೆದವು. ಪ್ರತಿ ಪ್ಲಗ್‌ಇನ್ನಿನ ಲೇಖಕರು 3.0 ಆವೃತ್ತಿಯನ್ನು ಹೊರತಂದಿದ್ದಾರೆಯೇ ಎಂದು ಒಂದೊಂದಾಗಿ ಹುಡುಕುವುದಲ್ಲದೆ ಬೇರೆ ದಾರಿ ಇಲ್ಲ.

ಹೊಸದನ್ನು ತಂದರೂ ಕಾಣದಿದ್ದರೆ ಎರಡು ವಿಷಯ ನೋಡಿ. ಗಿಂಪ್ 3ರಲ್ಲಿ ಪ್ಲಗ್‌ಇನ್ ಕಡತವನ್ನು ಅದೇ ಹೆಸರಿನ ತನ್ನದೇ ಫೋಲ್ಡರಿನಲ್ಲಿ ಇಡಬೇಕು. ‘ಚೌಕಟ್ಟು’ ಎಂಬ ಪ್ಲಗ್‌ಇನ್ ಆದರೆ ‘ಚೌಕಟ್ಟು’ ಎಂಬ ಫೋಲ್ಡರ್. ಎರಡನೆಯದಾಗಿ, ಲಿನಕ್ಸ್‌ನಲ್ಲಿ ಆ ಕಡತಕ್ಕೆ ಪ್ರೋಗ್ರಾಮಿನಂತೆ ನಡೆಯುವ ಅನುಮತಿ ಕೊಟ್ಟಿರಬೇಕು. ಕಡತದ ಪ್ರಾಪರ್ಟೀಸ್‌ನಲ್ಲಿ ಆ ಆಯ್ಕೆ ಇದೆ, ಇಲ್ಲವೇ ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ಲಿನಲ್ಲಿ ಸಿಎಚ್‌ಮೋಡ್ ಆಜ್ಞೆಯಿಂದ ಕೊಡಬಹುದು. ಅದಾದ ಮೇಲೂ ಬರದಿದ್ದರೆ ಗಿಂಪನ್ನು ಟರ್ಮಿನಲ್ಲಿನಿಂದಲೇ ತೆರೆಯಿರಿ. ಯಾವ ಪ್ಲಗ್‌ಇನ್ ಯಾವ ಸಾಲಿನಲ್ಲಿ ನಿಂತಿತು ಎಂಬುದು ಅಲ್ಲಿಯೇ ಅಚ್ಚಾಗುತ್ತದೆ. ಗಿಂಪ್‌ನ ಒಂದು ಗುಣವನ್ನು ಮಕ್ಕಳಿಗೆ ತೋರಿಸಿಕೊಡಿ: ಇಲ್ಲಿ ಪ್ರತಿ ಪ್ಲಗ್‌ಇನ್ನೂ ಬೇರೆಯೇ ಪ್ರೋಗ್ರಾಮಾಗಿ ನಡೆಯುವುದರಿಂದ ಅದು ಬಿದ್ದರೂ ಗಿಂಪ್ ಸಾಮಾನ್ಯವಾಗಿ ನಿಂತಿರುತ್ತದೆ, ಚಿತ್ರವನ್ನು ಉಳಿಸಿಕೊಂಡು ಮತ್ತೆ ತೆರೆಯುವುದು ಒಳ್ಳೆಯದೆಂದು ತಾನೇ ಹೇಳುತ್ತದೆ. ಮಂಗಳೂರಿನ ವಿದ್ಯಾರ್ಥಿನಿಗೆ ಫೋಟೋಶಾಪ್‌ನಲ್ಲಿ ಸಿಗದೆ ಹೋದ ಅವಕಾಶ ಇದೇ.

ಪ್ರಶ್ನೆ: ಎಂ1 ಮ್ಯಾಕ್‌ಗೆ ಬದಲಾದ ಮೇಲೆ ಹಣ ಕೊಟ್ಟು ಕೊಂಡಿದ್ದ ಹಳೆಯ ಪ್ಲಗ್‌ಇನ್ ಲೋಡ್ ಆಗುತ್ತಿಲ್ಲ.
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪ್ಲಗ್‌ಇನ್ ಇಂಟೆಲ್ ಚಿಪ್ಪಿಗಾಗಿ ಮಾಡಿದ್ದು, 2021ರ ಮಾರ್ಚಿನಿಂದ ಫೋಟೋಶಾಪ್ ಆಪಲ್ ಚಿಪ್ಪಿನಲ್ಲಿ ನೇರವಾಗಿ ನಡೆಯುತ್ತದೆ, ಹಾಗೆ ನಡೆಯುವಾಗ ಇಂಟೆಲ್ ಪ್ಲಗ್‌ಇನ್ ಸೇರುವುದಿಲ್ಲ. ಫೋಟೋಶಾಪ್‌ನ ‘ಗೆಟ್ ಇನ್ಫೋ’ದಲ್ಲಿ ಇಂಟೆಲ್ ಪ್ರೋಗ್ರಾಮುಗಳನ್ನು ಆಪಲ್ ಚಿಪ್ಪಿನಲ್ಲಿ ನಡೆಸಿಕೊಡುವ ರೊಸೆಟ್ಟಾ ಮೂಲಕ ತೆರೆಯುವ ಆಯ್ಕೆ ಕಂಡರೆ ಅದನ್ನು ಗುರುತು ಮಾಡಿ, ಪ್ಲಗ್‌ಇನ್ ಮರಳಬಹುದು, ಆದರೆ ಉಳಿದ ಕೆಲಸ ನಿಧಾನವಾಗುತ್ತದೆ. ಮಾರಿದವರಿಗೆ ಬರೆದು, ಹಳೆಯ ಗ್ರಾಹಕರಿಗೆ ಹೊಸ ಆವೃತ್ತಿ ರಿಯಾಯಿತಿಯಲ್ಲಿ ಸಿಗುತ್ತದೆಯೇ ಎಂದು ಕೇಳಿ.

ಪ್ರಶ್ನೆ: ಚರ್ಮ ನುಣುಪು ಮಾಡುವ ಪ್ಲಗ್‌ಇನ್‌ನ ‘ಫುಲ್ ವರ್ಷನ್’ ಸ್ನೇಹಿತರೊಬ್ಬರಿಂದ ಸಿಕ್ಕಿತು. ಆಂಟಿವೈರಸ್ ನಿಲ್ಲಿಸಿ ಹಾಕಬೇಕಂತೆ. ಹಾಕಿದ ಮೇಲೆ ಪ್ಲಗ್‌ಇನ್ ದಿನಕ್ಕೊಂದು ದೋಷ ತೋರಿಸುತ್ತಿದೆ.
— ಸ್ಟುಡಿಯೋ ಮಾಲೀಕರು, ಹಾಸನ

ಉತ್ತರ: ಆ ದೋಷಗಳನ್ನು ಸರಿಪಡಿಸುವ ದಾರಿ ಹೇಳಲಾರೆ. ಬೀಗ ಮುರಿದ ಪ್ಲಗ್‌ಇನ್ನಿನಲ್ಲಿ ಬರೆದವರು ಇಟ್ಟದ್ದೇನು, ಮುರಿದವರು ಸೇರಿಸಿದ್ದೇನು ಎಂದು ಬೇರ್ಪಡಿಸಲು ಆಗುವುದಿಲ್ಲ, ಮತ್ತು ಕಾವಲುಗಾರನನ್ನು ಹೊರಗೆ ಕಳಿಸಿ ಬಾಗಿಲು ತೆರೆಯಲು ಹೇಳುವವರನ್ನು ನಂಬಲು ಕಾರಣವಿಲ್ಲ. ನಿಮ್ಮ ಡಿಸ್ಕಿನಲ್ಲಿರುವುದು ಬೇರೆಯವರ ಮನೆಯ ಮದುವೆ, ನಾಮಕರಣಗಳ ಫೋಟೋಗಳು. ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಒಮ್ಮೆ ಒಳಗೆ ಬಂದರೆ ಆ ಮನೆಯವರಿಗೆ ಅವನ್ನು ಮತ್ತೆ ತೆಗೆದುಕೊಡಲು ನಿಮ್ಮಿಂದ ಆಗುವುದಿಲ್ಲ. ಇವತ್ತೇ ಫೋಟೋಗಳನ್ನು ಮಾತ್ರ ಬೇರೊಂದು ಡಿಸ್ಕಿಗೆ ನಕಲು ಮಾಡಿ ಅದನ್ನು ಕಳಚಿಡಿ, ಆಂಟಿವೈರಸ್ ಮತ್ತೆ ಶುರುಮಾಡಿ ಪೂರ್ತಿ ಪರೀಕ್ಷೆ ನಡೆಸಿ, ಆ ಕಂಪ್ಯೂಟರಿನಲ್ಲಿ ಬಳಸಿದ ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಇನ್ನೊಂದು ಕಂಪ್ಯೂಟರಿನಿಂದ ಬದಲಿಸಿ. ಸಾಧ್ಯವಾದರೆ ವಿಂಡೋಸನ್ನೇ ಹೊಸದಾಗಿ ಹಾಕಿಸಿ. ಚರ್ಮ ನುಣುಪು ಮಾಡುವ ಕೆಲಸಕ್ಕೆ ಫೋಟೋಶಾಪ್‌ನ ಹೀಲಿಂಗ್ ಬ್ರಷ್ ಮತ್ತು ಸರ್ಫೇಸ್ ಬ್ಲರ್ ಸಾಕಾಗುತ್ತವೆ. ಅವುಗಳಿಂದ ಮಾಡುವ ವಿಧಾನವನ್ನು ಬೇಕಾದರೆ ಬರೆದು ಕೇಳಿ, ಹಂತ ಹಂತವಾಗಿ ತಿಳಿಸುತ್ತೇನೆ.